ತೋಡಿಯ ಗಾಂಧಾರ ಮತ್ತು ನನ್ನ ಎಂ.ಎ.

ರಾಜ್ಯದ ಸಂಗೀತ ಪರೀಕ್ಷೆಗಳಲ್ಲಿ ಕೊನೆಯದಾದ ವಿದ್ವತ್ ಅಂತಿಮ ಪರೀಕ್ಷೆ ಮುಗಿಸಿ ಹನ್ನೊಂದು ವರ್ಷಗಳಾದ ಮೇಲೆ, ಮಂಡ್ಯದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇಪ್ಪತ್ತು ಇಪ್ಪತ್ತೆರಡು ಮಕ್ಕಳಿಗೆ ಸರಳೆ, ಜಂಟಿ, ಅಲಂಕಾರಗಳನ್ನು ಹೇಳಿಕೊಡುತ್ತಿದ್ದ ನಾನು ಕರ್ನಾಟಕ ಸಂಗೀತದಲ್ಲಿ ಸ್ನಾತಕೋತ್ತರ ಪದವಿಗೆ ಸೇರಿದೆ. ಆಗ ನನಗೆ 39 ವರ್ಷ. ಕಾರಣ ಘನವಾದದ್ದೇನೂ ಆಗಿರಲಿಲ್ಲ. ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕರು ಬೇಕಾಗಿದ್ದಾರೆಂದು ತಿಳಿದು ಹೋದಾಗ, ಅಲ್ಲಿದ್ದವರು ನನ್ನ ವಿದ್ವತ್ ಪ್ರಮಾಣಪತ್ರವನ್ನು ಗೌರವದಿಂದಲೇ ಓದಿ, ಗೌರವದಿಂದಲೇ ಮೇಜಿನ ಈಚೆಗೆ ಸರಿಸಿ, ಎಂ.ಎ. ಇದೆಯೇ ಎಂದು ಕೇಳಿದರು. ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಬೇಕಾದರೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕಗಳೂ ಅದರ ಮೇಲೆ ರಾಷ್ಟ್ರಮಟ್ಟದ ನೆಟ್ ಅಥವಾ ರಾಜ್ಯಮಟ್ಟದ ಕೆ-ಸೆಟ್ ಪರೀಕ್ಷೆಯ ಅರ್ಹತೆಯೂ ಬೇಕೆಂಬುದು ನನಗೆ ಮನೆಗೆ ಬಂದು ವಿಚಾರಿಸಿದ ಮೇಲೆಯೇ ತಿಳಿದದ್ದು.

ನಾನು ಸೇರಿದ ಕಡೆ ಯಾವುದೇ ಪದವಿಯ ಜೊತೆಗೆ ವಿದ್ವತ್ ಇದ್ದರೆ ಪ್ರವೇಶಕ್ಕೆ ಅವಕಾಶವಿದ್ದುದರಿಂದ, ಮದುವೆಗೆ ಮುಂಚೆ ಮಾಡಿದ್ದ ಬಿ.ಕಾಂ. ಪದವಿ ಮೊದಲ ಬಾರಿಗೆ ಉಪಯೋಗಕ್ಕೆ ಬಂತು. ಪ್ರವೇಶಕ್ಕೆ ಹಾಡುವ ಪರೀಕ್ಷೆಯಿತ್ತು: ಒಂದು ವರ್ಣ ಎರಡು ಕಾಲದಲ್ಲಿ, ಒಂದು ಕೃತಿ, ಸ್ವಲ್ಪ ಆಲಾಪನೆ. ಚೆನ್ನಾಗಿ ಕೂತಿರುವ ರಾಗವೆಂದು ನಾನು ತೋಡಿಯನ್ನೇ ಎತ್ತಿಕೊಂಡೆ. ಹಾಡಿ ಮುಗಿಸಿದಾಗ ಪರೀಕ್ಷಕರಲ್ಲಿ ಹಿರಿಯರೊಬ್ಬರು, “ಗಾಂಧಾರವನ್ನು ಇಷ್ಟು ತೂಗುತ್ತೀರಲ್ಲ, ಯಾಕೆ?” ಎಂದರು. ಗಾಂಧಾರವೆಂದರೆ ಸರಿಗಮದ ‘ಗ’; ತೂಗುವುದೆಂದರೆ ಅದನ್ನು ಒಂದೆಡೆ ನಿಲ್ಲಿಸದೆ ಮೇಲೆ ಕೆಳಗೆ ಓಲಾಡಿಸುವುದು. ಗುರುಗಳು ಹಾಗೆ ಹೇಳಿಕೊಟ್ಟಿದ್ದಾರೆ ಎಂದೆ. “ಸರಿಯಾಗಿಯೇ ಹೇಳಿಕೊಟ್ಟಿದ್ದಾರೆ. ಸರಿ ಅಂತ ನಿಮಗೆ ಹೇಗೆ ಗೊತ್ತು?” ಎಂದು ಮತ್ತೆ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಸೀಟು ಸಿಕ್ಕಿತು. ಆದರೆ ಆ ಪ್ರಶ್ನೆ ಎರಡು ವರ್ಷ, ನಾಲ್ಕು ಸೆಮಿಸ್ಟರ್ ನನ್ನ ಜೊತೆಗೇ ಓಡಾಡಿತು.

ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುವುದು, ಹಾಜರಾತಿ ಶೇ. 75ಕ್ಕಿಂತ ಕಡಿಮೆಯಾದರೆ ಪರೀಕ್ಷೆಗೆ ಕೂರುವಂತಿಲ್ಲವಾದ್ದರಿಂದ ಮಕ್ಕಳ ಪಾಠವನ್ನು ಶನಿವಾರ, ಭಾನುವಾರಗಳಿಗೆ ತಳ್ಳಿದೆ. ಅರ್ಧದಷ್ಟು ಮಕ್ಕಳು ಬಿಟ್ಟುಹೋದರು. ಸಂಗೀತ ಎಂ.ಎ. ಮಾಡಲು ಎಷ್ಟು ಖರ್ಚಾಯಿತು ಎಂದು ಕೇಳುವವರಿಗೆ ನಾನು ಶುಲ್ಕದ ಲೆಕ್ಕ ಹೇಳುವುದಿಲ್ಲ, ಈ ಲೆಕ್ಕವನ್ನೇ ಹೇಳುತ್ತೇನೆ.

ಶಾಸ್ತ್ರದ ಪತ್ರಿಕೆಗಳು ನನಗೆ ಗೊತ್ತಿರುವ ವಿಷಯವೆಂದು ಧೈರ್ಯವಾಗಿದ್ದೆ. ವಿದ್ವತ್ತಿಗೆ ಓದುವಾಗ ಗ್ರಂಥಗಳ ಹೆಸರು, ಕರ್ತೃ, ಕಾಲ, ಅಧ್ಯಾಯಗಳನ್ನು ಬಾಯಿಪಾಠ ಮಾಡಿದ್ದೆನಲ್ಲ: ಶಾರ್ಙ್ಗದೇವನ ‘ಸಂಗೀತ ರತ್ನಾಕರ’ 13ನೆಯ ಶತಮಾನದ್ದು, ಅದರಲ್ಲಿ ಏಳು ಅಧ್ಯಾಯಗಳು, ಅದಕ್ಕೆ ವಿಜಯನಗರದ ಕಲ್ಲಿನಾಥ ವ್ಯಾಖ್ಯಾನ ಬರೆದ, ವಿಜಯನಗರದವನೇ ಆದ ರಾಮಾಮಾತ್ಯ 1550ರಲ್ಲಿ ‘ಸ್ವರಮೇಳ ಕಲಾನಿಧಿ’ ರಚಿಸಿದ. ಇಲ್ಲಿ ಈ ಪಟ್ಟಿಯನ್ನು ಯಾರೂ ಕೇಳಲಿಲ್ಲ. ರಾಮಾಮಾತ್ಯ 20 ಮೇಳಗಳಿಗೆ (ರಾಗಗಳನ್ನು ವಿಂಗಡಿಸುವ ಮೂಲ ಸ್ವರಗುಂಪುಗಳಿಗೆ) ನಿಂತ, ವೆಂಕಟಮಖಿ ‘ಚತುರ್ದಂಡೀ ಪ್ರಕಾಶಿಕೆ’ಯಲ್ಲಿ 72 ಮೇಳಗಳ ಲೆಕ್ಕ ಕಟ್ಟಿಯೂ ತನ್ನ ಕಾಲದಲ್ಲಿ ಬಳಕೆಯಲ್ಲಿದ್ದ 19ಕ್ಕೆ ಮಾತ್ರ ಲಕ್ಷಣ ಹೇಳಿದ, ಹಾಗಾದರೆ ಮಿಕ್ಕ 53 ಮೇಳಗಳು ಆಗ ಏನಾಗಿದ್ದವು, ಅವು ರಾಗಗಳೇ ಅಥವಾ ಬರಿಯ ಗಣಿತವೇ ಎಂದು ಬರೆಯಿರಿ ಎಂದರು. ಪುಸ್ತಕದಲ್ಲಿ ಎಲ್ಲೂ ಹಾಗೆಯೇ ಸಿಗದ ಉತ್ತರವನ್ನು ಬರೆಯುವುದು ನನಗೆ ಹೊಸದು. ಮೊದಲ ಆಂತರಿಕ ಪರೀಕ್ಷೆಯಲ್ಲಿ 20ಕ್ಕೆ 8 ಬಂತು, ಮನೆಯಲ್ಲಿ ಹೇಳಲಿಲ್ಲ.

ತಂಬೂರಿಯ ಪಾಠವೊಂದನ್ನು ಮಾತ್ರ ವಿವರವಾಗಿ ಹೇಳಬೇಕು. ಎಷ್ಟೋ ವರ್ಷಗಳಿಂದ ನಾನು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯಲ್ಲೇ ಹಾಡಿದವಳು. ನಿಜವಾದ ತಂಬೂರಿ ಮನೆಯಲ್ಲಿ ಬಟ್ಟೆ ಸುತ್ತಿಕೊಂಡು ಮೂಲೆಯಲ್ಲಿತ್ತು. ನಾದಶಾಸ್ತ್ರದ ತರಗತಿಯಲ್ಲಿ ಮೇಡಂ ತಂಬೂರಿಯನ್ನು ನನ್ನ ತೊಡೆಯ ಮೇಲಿಟ್ಟು, ತಂತಿಗಳು ಹಾದುಹೋಗುವ ಪಟ್ಟಿಯಾದ ಕುದುರೆಯ ಮೇಲೆ ತಂತಿಯ ಅಡಿಗೆ ಸೇರಿಸುವ ಜೀವಾಳದ ನೂಲೆಳೆಯನ್ನು ತೆಗೆದುಬಿಟ್ಟರು. ತಂತಿ ಮಂಕಾಗಿ ಟುಂಯ್ ಎಂದು ಸತ್ತುಹೋಯಿತು. ಮತ್ತೆ ನೂಲನ್ನು ಒಳಗೆ ತೂರಿಸಿ, ಕೂದಲೆಳೆಯಷ್ಟು ಮುಂದಕ್ಕೆ, ಹಿಂದಕ್ಕೆ ಸರಿಸುತ್ತ ಹೋಗಲು ಹೇಳಿದರು. ಒಂದು ಜಾಗಕ್ಕೆ ಬಂದಾಗ ಇಡೀ ತಂತಿ ಝೇಂಕರಿಸಿತು, ಮತ್ತು ಆ ಝೇಂಕಾರದೊಳಗೆ ಯಾರೂ ಮೀಟದ ಒಂದು ಸ್ವರ, ಅಂತರ ಗಾಂಧಾರ, ಸ್ಪಷ್ಟವಾಗಿ ಕೇಳಿಸಿತು. ಅದು ಮಂದ್ರ ಷಡ್ಜದ, ಅಂದರೆ ಕೆಳಗಿನ ಸ್ಥಾಯಿಯ ‘ಸ’ದ, ಐದನೆಯ ಉಪಸ್ವರ; ಆಧಾರ ಕಂಪನದ ಐದು ಪಟ್ಟು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ಅಲುಗದೆ ನಿಲ್ಲಬೇಕಾದ ಉಪಸ್ವರಗಳು ಹುಟ್ಟಬಾರದೆಂಬುದು ಭೌತಶಾಸ್ತ್ರದ ಹಳೆಯ ನಿಯಮ. ತಂಬೂರಿ ಮತ್ತು ವೀಣೆಗಳ ಬಾಗಿದ ಕುದುರೆಯಿಂದಾಗಿ ಅವುಗಳಲ್ಲಿ ಈ ನಿಯಮ ನಡೆಯುವುದಿಲ್ಲವೆಂದು ಸಿ.ವಿ. ರಾಮನ್ 1921ರಲ್ಲೇ ಬರೆದು ತೋರಿಸಿದ್ದಾರೆ. ಅಂದು ರಾತ್ರಿ ಮನೆಯ ತಂಬೂರಿಯ ಬಟ್ಟೆ ಬಿಚ್ಚಿ, ತಂತಿ ಬದಲಾಯಿಸಿ, ಶ್ರುತಿ ಮಾಡಿ ತೋಡಿ ಹಾಡಿದೆ. ಹಿಂದಿನಿಂದ ತಂಬೂರಿ ಅಂತರ ಗಾಂಧಾರವನ್ನು ಹೇಳುತ್ತಿದೆ, ನಾನು ಹಾಡಬೇಕಾದದ್ದು ಅದಕ್ಕಿಂತ ಒಂದು ಸ್ವರಸ್ಥಾನ ಕೆಳಗಿನ ಸಾಧಾರಣ ಗಾಂಧಾರ. ಅದು ಒಂದು ಕಡೆ ನಿಲ್ಲದೆ ತೂಗುವುದಕ್ಕೆ ಇದೇ ಕಾರಣವಿರಬಹುದೇ ಎಂದು ನನಗೆ ಮೈ ಝುಮ್ಮೆಂದಿತು. ಮುಂದೆ ಇದನ್ನು ಪ್ರಬಂಧದಲ್ಲಿ ಬರೆದಾಗ ಮಾರ್ಗದರ್ಶಕರು ಆ ಪ್ಯಾರಾದ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಊಹೆ’ ಎಂದು ಬರೆದು ತೆಗೆಸಿದರು. ಅದಕ್ಕೆ ನನ್ನಲ್ಲಿ ಪುರಾವೆಯಿಲ್ಲ, ನಿಜ. ಆದರೂ ಹೊಟ್ಟೆ ಉರಿಯಿತು.

ಪ್ರಾಯೋಗಿಕದಲ್ಲಿ ನನ್ನನ್ನು ಸತಾಯಿಸಿದ್ದು ಪಲ್ಲವಿ, ಅಂದರೆ ಒಂದೇ ಸಾಲನ್ನು ತಾಳದ ಲೆಕ್ಕದಲ್ಲಿ ಬೇರೆಬೇರೆ ವೇಗಕ್ಕೆ ಹಾಡುವುದು. ಖಂಡ ಜಾತಿ ತ್ರಿಪುಟ ತಾಳ, ಎರಡು ಕಳೆ (ಪ್ರತಿ ಎಣಿಕೆಯೂ ಎರಡೆರಡು ಸಲ), ಒಂಬತ್ತು ಅಕ್ಷರ, ಪಲ್ಲವಿಯ ಎತ್ತುಗಡೆ ಸಮದಿಂದ, ಅಂದರೆ ತಾಳದ ಮೊದಲ ಪೆಟ್ಟಿನಿಂದ, ಒಂದೂವರೆ ಅಕ್ಷರ ಬಿಟ್ಟು. ತಾಳವನ್ನು ಅಲುಗಿಸದೆ ಅದೇ ಪಲ್ಲವಿಯನ್ನು ಎರಡು ಆವರ್ತಕ್ಕೆ (ತಾಳದ ಎರಡು ಸುತ್ತಿಗೆ) ಒಂದು ಸಲ, ಆಮೇಲೆ ಒಂದು ಆವರ್ತಕ್ಕೆ ಎರಡು ಸಲ, ಕೊನೆಗೆ ತಿಶ್ರದಲ್ಲಿ ಎರಡು ಆವರ್ತಕ್ಕೆ ಮೂರು ಸಲ ಹಾಡಿ ಎತ್ತುಗಡೆಗೆ ಬಂದು ಸೇರಬೇಕು. ಕಾಗದದ ಮೇಲೆ ಸುಲಭ. ಬಾಯಿ ಮತ್ತು ಕೈ ಬೇರೆಬೇರೆ ಮನೆಯವರಂತೆ ವರ್ತಿಸತೊಡಗಿದಾಗ ತಿಳಿಯುತ್ತದೆ. ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತು ತೊಡೆಯ ಮೇಲೆ ಪೆಟ್ಟು, ನಾಲ್ಕು ಬೆರಳು, ಪೆಟ್ಟು, ಹುಸಿ, ಪೆಟ್ಟು, ಹುಸಿ ಎಂದು ಹಾಕುತ್ತ ತುಟಿ ಆಡಿಸುತ್ತಿದ್ದ ನನ್ನನ್ನು ದಿನವೂ ನೋಡುತ್ತಿದ್ದ ಹೂವಿನ ಬುಟ್ಟಿಯ ಹೆಂಗಸೊಬ್ಬರು, ಒಂದು ದಿನ ತಡೆಯಲಾರದೆ, “ಏನಕ್ಕಾ, ಚೀಟಿ ಲೆಕ್ಕ ಕೂಡ್ತಾ ಇಲ್ವಾ?” ಎಂದು ಕೇಳಿದರು. ಕೂಡುತ್ತಿಲ್ಲವೆಂದೇ ಹೇಳಿದೆ. ಎರಡನೆಯ ಸೆಮಿಸ್ಟರಿನ ಹೊತ್ತಿಗೆ ಕೂಡಿತು. ಈ ವೇಗದ ಬದಲಾವಣೆಗಳಿಗಿರುವ ಅನುಲೋಮ, ಪ್ರತಿಲೋಮ ಎಂಬ ಹೆಸರುಗಳನ್ನು ಪುಸ್ತಕಗಳು ಒಂದೇ ರೀತಿಯಲ್ಲಿ ಬಳಸುವುದಿಲ್ಲವಾದ್ದರಿಂದ, ಉತ್ತರ ಬರೆಯುವ ಮೊದಲು ‘ಇಲ್ಲಿ ಈ ಅರ್ಥದಲ್ಲಿ ಬಳಸಿದ್ದೇನೆ’ ಎಂದು ಒಂದು ಸಾಲು ಬರೆದುಕೊಳ್ಳುವ ಅಭ್ಯಾಸವನ್ನೂ ಆಗಲೇ ಮಾಡಿಕೊಂಡೆ. ಸೇರುವವರಿಗೆ ಇದು ಉಪಯೋಗಕ್ಕೆ ಬರುತ್ತದೆ.

ಮೂರನೆಯ ಸೆಮಿಸ್ಟರಿನಲ್ಲಿ ಪ್ರಬಂಧದ ವಿಷಯ ಕೊಡಬೇಕಿತ್ತು. ‘ಮೈಸೂರಿನ ವಾಗ್ಗೇಯಕಾರರ ಕೃತಿಗಳಲ್ಲಿ ಗಮಕಗಳು’ ಎಂದು ಬರೆದುಕೊಂಡು ಹೋದೆ. ಗಮಕವೆಂದರೆ ಸ್ವರವನ್ನು ತೂಗುವ, ಜಾರಿಸುವ ಬಗೆ. ಮಾರ್ಗದರ್ಶಕರು ಓದಿ, “ಸದಾಶಿವರಾಯರು, ವಾಸುದೇವಾಚಾರ್ಯರು, ಮುತ್ತಯ್ಯ ಭಾಗವತರು, ಜಯಚಾಮರಾಜ ಒಡೆಯರು. ಇವರಷ್ಟೂ ಜನರನ್ನ 80 ಪುಟದಲ್ಲಿ ಎಲ್ಲಿ ಕೂರಿಸ್ತೀರಿ? ಒಂದು ರಾಗ ಹೇಳಿ,” ಎಂದರು. ತೋಡಿ ಎಂದೆ. “ಒಂದು ಸ್ವರ?” ಗಾಂಧಾರ. ಹೀಗೆ ಎರಡು ನಿಮಿಷದಲ್ಲಿ ವಿಷಯ ನಿರ್ಧಾರವಾಯಿತು. ವಿಷಯವನ್ನು ಇಷ್ಟು ಕಿರಿದು ಮಾಡಿದರೆ ಬರೆಯಲು ಏನು ಉಳಿಯುತ್ತದೆ ಎಂದು ಆಗ ಅನ್ನಿಸಿತ್ತು; 80 ಪುಟ ಸಾಲದೆ ಹೋಯಿತು.

ಪ್ರಾಟ್ ಎಂಬ ಉಚಿತ ತಂತ್ರಾಂಶವಿದೆ. ಭಾಷಾವಿಜ್ಞಾನದವರು ಮಾತಿನ ಧ್ವನಿಯನ್ನು ಅಳೆಯಲು ಬಳಸುವಂಥದ್ದು. ಹಾಡಿದ್ದನ್ನು ಅದಕ್ಕೆ ಕೊಟ್ಟರೆ ಸ್ಥಾಯಿ ಏರಿಳಿಯುವುದನ್ನು ಗೆರೆಯಾಗಿ ತೋರಿಸುತ್ತದೆ. ಮೊದಲ ಧ್ವನಿಮುದ್ರಣಗಳು ಪೂರ್ತಿ ವ್ಯರ್ಥವಾದವು, ಏಕೆಂದರೆ ಹಿಂದಿದ್ದ ತಂಬೂರಿಯ ನಾದವನ್ನೇ ಅದು ಹಾಡುಗಾರಿಕೆಯೆಂದು ಹಿಡಿದು ಗೆರೆಯನ್ನು ಚಿಂದಿ ಮಾಡುತ್ತಿತ್ತು. ತಂಬೂರಿಯನ್ನು ಇಯರ್‌ಫೋನಿನಲ್ಲಿ ಒಂದೇ ಕಿವಿಗೆ ಹಾಕಿಕೊಂಡು ಹಾಡುವುದು ಇದಕ್ಕೆ ಪರಿಹಾರ. ನಾನೂ ಇನ್ನಿಬ್ಬರು ಗಾಯಕಿಯರೂ ಹಾಗೆಯೇ ಹಾಡಿದೆವು. ಎಪ್ಪತ್ತು ದಾಟಿದ ನಮ್ಮ ಗುರುಗಳು ಮಾತ್ರ ಒಪ್ಪಲಿಲ್ಲ. “ತಂಬೂರಿ ಕೋಣೆಯಲ್ಲಿರಬೇಕು ಕಣಮ್ಮಾ, ಕಿವಿಯೊಳಗಲ್ಲ,” ಎಂದರು. ಕೊನೆಗೆ ತಂಬೂರಿಯನ್ನು ನಡುಮನೆಯಲ್ಲಿಟ್ಟು, ಬಾಗಿಲನ್ನು ಒಂದು ಗೇಣು ತೆರೆದು, ಮೈಕನ್ನು ಅವರ ಬಾಯಿಗೆ ಹತ್ತಿರ ಹಿಡಿದು ಮುದ್ರಿಸಿದ್ದಾಯಿತು.

ನನ್ನದು ಐದು ಮನೆ ಶ್ರುತಿ; ಷಡ್ಜ 196 ಹರ್ಟ್ಸ್, ಶುದ್ಧ ಮಧ್ಯಮ 261ರ ಹತ್ತಿರ. ಸಾಧಾರಣ ಗಾಂಧಾರ ಹಾರ್ಮೋನಿಯಂ ಲೆಕ್ಕದಲ್ಲಿ 233ರ ಸುತ್ತ ಬೀಳಬೇಕು. ನಾನು ಎರಡು ಸೆಕೆಂಡು ಹಿಡಿದು ಹಾಡಿದ ಗಾಂಧಾರದ ಗೆರೆಯಲ್ಲಿ 233ನ್ನು ಹುಡುಕಿದೆ. ಗೆರೆ ಅಲ್ಲಿ ನಿಂತೇ ಇರಲಿಲ್ಲ. ಕೆಳಗೆ ರಿಷಭದ ಹತ್ತಿರಕ್ಕೆ, 208ರ ಆಸುಪಾಸಿಗೆ ಇಳಿದು, ಮೇಲೆ ಮಧ್ಯಮವನ್ನು ಮುಟ್ಟಿ, ಮತ್ತೆ ಇಳಿಯುತ್ತಿತ್ತು. ಗಾಂಧಾರದ ಮನೆಯ ಮುಂದೆ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಹಾದುಹೋಗುತ್ತಿತ್ತು, ಅಷ್ಟೇ. ಇಪ್ಪತ್ತೈದು ವರ್ಷ ಗಾಂಧಾರವೆಂದು ನಾನು ಹಾಡಿದ್ದು ಇದನ್ನು. ಗುರುಗಳಿಗೆ ಅವರದೇ ಗೆರೆಯನ್ನು ತೋರಿಸಿದಾಗ ಕನ್ನಡಕ ಸರಿಮಾಡಿಕೊಂಡು ನೋಡಿ, “ಹಾವು ಹರಿದ ಹಾಗಿದೆ. ಇದು ನಾನಾ?” ಎಂದು ನಕ್ಕರು.

ಎಚ್ಚರಿಕೆಯಾಗಿ ಹೇಳಬೇಕಾದದ್ದು ಇದರ ಮುಂದಿನದು. ಗುರುಗಳ ಗೆರೆಯ ಇಳಿತ ನನ್ನದಕ್ಕಿಂತ ಆಳವಾಗಿದ್ದುದನ್ನು ಕಂಡು, ಪರದೆ ನೋಡಿಕೊಂಡೇ ಸಾಧನೆ ಮಾಡತೊಡಗಿದೆ. ಗೆರೆ ಸರಿಯಾಯಿತು. ಒಂದು ಭಾನುವಾರ ಪಾಠದ ನಡುವೆ ಗುರುಗಳು ತಾಳ ನಿಲ್ಲಿಸಿ, “ಗಾಂಧಾರ ಎಣಿಸ್ತಾ ಇದ್ದೀಯಲ್ಲಮ್ಮಾ. ಯಾರಿಗೆ ಲೆಕ್ಕ ಒಪ್ಪಿಸಬೇಕು?” ಎಂದರು. ಅದಾದ ಮೇಲೆ ಆರು ವಾರ ತೋಡಿ ಹಾಡಲಿಲ್ಲ. ಎಂ.ಎ. ಸೇರಿದ ಮೊದಲ ವರ್ಷ ದಿನದ ಸಾಧನೆ ಎರಡು ಗಂಟೆಯಿಂದ ಅರ್ಧ ಗಂಟೆಗೆ ಇಳಿದಿತ್ತು ಎಂಬುದನ್ನೂ ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ. ಸಂಗೀತ ಕಲಿಯಲು ಎಂ.ಎ. ಸೇರುತ್ತೇನೆಂದು ಹೇಳುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಅಲ್ಲಿಗೆ ಕಲಿತುಕೊಂಡು ಹೋಗಬೇಕು, ಮತ್ತು ಹೋದ ಮೇಲೂ ಗುರುಗಳ ಪಾಠವನ್ನು ಬಿಡಬಾರದು.

ಹೋಲಿಕೆಗೆ ಹಳೆಯ ಆಧಾರವೊಂದು ಬೇಕಿತ್ತು. 1904ರಲ್ಲಿ ಎಟ್ಟಯಪುರದಲ್ಲಿ ಅಚ್ಚಾದ ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಸ್ವರಗಳ ಮೇಲೆ ಗಮಕದ ಚಿಹ್ನೆಗಳೂ ಇವೆ: ಕಂಪಿತಕ್ಕೆ ಅಲೆಯಂಥ ಗೆರೆ, ಜಾರುಗಳಿಗೆ ಓರೆಗೆರೆ. ಪುಸ್ತಕ ತೆಲುಗು ಲಿಪಿಯಲ್ಲಿದೆ. ಕನ್ನಡ ಓದುವವರಿಗೆ ತೆಲುಗು ಅಕ್ಷರ ದೂರದ್ದಲ್ಲ. ತಲೆಕಟ್ಟಿನ ವ್ಯತ್ಯಾಸ ಕಣ್ಣಿಗೆ ಹಿಡಿಯಲು ನನಗೆ ಹದಿನೈದು ದಿನ ಸಾಕಾಯಿತು. ಅಲ್ಲಿ ತೋಡಿಯ, ಅಂದರೆ ಎಂಟನೆಯ ಮೇಳದ, ಹೆಸರು ಈಗಿನಂತೆ ಹನುಮತೋಡಿ ಅಲ್ಲ, ಜನತೋಡಿ. ಧಾರವಾಡದ ಕಡೆಯಿಂದ ಬಂದಿದ್ದ ಹಿಂದೂಸ್ತಾನಿ ಹಿನ್ನೆಲೆಯ ಸಹಪಾಠಿಗೆ ಈ ತೋಡಿಯನ್ನು ಹಾಡಿ ತೋರಿಸಿದಾಗ ಅವರು, “ಇವು ನಮ್ಮ ಭೈರವಿಯ ಸ್ವರಗಳೇ ರೀ,” ಎಂದರು; ಅವರ ತೋಡಿಯ ಸ್ವರಗಳು ನಮ್ಮ 45ನೆಯ ಮೇಳದವು. ಒಂದೇ ರಾಜ್ಯದೊಳಗೆ ಒಂದು ಹೆಸರಿಗೆ ಎರಡು ರಾಗ.

ಬರೆದು ಮುಗಿಸಿದ ಮೇಲೆ ಆದ ಅನಾಹುತ ಬೇರೆ. ನಾನು ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದ ಕಡತವನ್ನು ಅಚ್ಚಿಗೆ ಕೊಟ್ಟ ಅಂಗಡಿಯಲ್ಲಿ ಯೂನಿಕೋಡಿಗೆ ಬದಲಾಯಿಸಿದರು. ಅಕ್ಷರಗಳೆಲ್ಲ ಸರಿಯಾಗಿ ಬಂದವು, ಸ್ವರಗಳ ಕೆಳಗಿನ ಮತ್ತು ಮೇಲಿನ ಚುಕ್ಕೆಗಳು ಮಾತ್ರ ಮಾಯವಾದವು. ಚುಕ್ಕೆ ಹೋದರೆ ಮಂದ್ರದ ನಿಷಾದವೂ ತಾರದ ರಿಷಭವೂ ಮಧ್ಯ ಸ್ಥಾಯಿಗೆ ಬಂದು ಕೂರುತ್ತವೆ. ನಾನು ನೋಡಿದ್ದು ನಾಲ್ಕು ಪ್ರತಿಗಳಿಗೂ ರಟ್ಟು ಕಟ್ಟಿಸಿದ ಮೇಲೆ, ಸಲ್ಲಿಸುವ ಹಿಂದಿನ ಸಂಜೆ. ರಾತ್ರಿಯಿಡೀ ಕುಳಿತು ಪ್ರತಿಯೊಂದರ 14 ಪುಟಗಳಿಗೂ ಕಪ್ಪು ಪೆನ್ನಿನಲ್ಲಿ ಚುಕ್ಕೆ ಇಟ್ಟೆ; ಮಗಳು ಪಕ್ಕದಲ್ಲಿ ಕುಳಿತು ಕರಡು ಪ್ರತಿಯಿಂದ “ಕೆಳಗೆ, ಕೆಳಗೆ, ಇಲ್ಲ, ಮೇಲೆ” ಎಂದು ಓದಿ ಹೇಳಿದಳು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಗೆರೆಗಳ ಚಿತ್ರಗಳನ್ನು ಬೇಗಬೇಗ ತಿರುವಿ, ಸ್ವರಲಿಪಿಯ ಒಂದು ಪುಟದಲ್ಲಿ ಬೆರಳಿಟ್ಟು, “ಈ ನಿಷಾದ ಮಂದ್ರದ್ದೋ ಮಧ್ಯದ್ದೋ?” ಎಂದರು. ಒಂದು ಚುಕ್ಕೆ ತಪ್ಪಿಹೋಗಿತ್ತು. ಮಂದ್ರದ್ದು ಎಂದೆ. ಅವರು ತಮ್ಮ ಪೆನ್ನು ಕೊಟ್ಟರು, ಇಟ್ಟೆ. “ಈಗ ಈ ಸಾಲನ್ನು ವಿಳಂಬದಲ್ಲಿ, ಆಮೇಲೆ ದುರಿತ ಕಾಲದಲ್ಲಿ ಹಾಡಿ; ವೇಗ ಹೆಚ್ಚಿದರೆ ತೂಗು ಕುಗ್ಗುತ್ತದೆ ಅಂತ ಬರೆದಿದ್ದೀರಲ್ಲ, ಕೇಳೋಣ,” ಎಂದರು. ಹಾಡಿದೆ. ಎರಡು ತೂಗಿನ ಗಾಂಧಾರ ದುರಿತದಲ್ಲಿ ಒಂದೇ ತೂಗಿಗೆ ಇಳಿದದ್ದು ನನಗೂ ಕೇಳಿಸಿತು.

ಫಲಿತಾಂಶದಲ್ಲಿ ಪ್ರಥಮ ದರ್ಜೆ ಬಂತು. ನೆಟ್ ಎರಡನೆಯ ಪ್ರಯತ್ನದಲ್ಲಿ ಆಯಿತು. ಸಂಗೀತದ 100 ಪ್ರಶ್ನೆಗಳಿಗಿಂತ ಎಲ್ಲರಿಗೂ ಸಾಮಾನ್ಯವಾದ ಮೊದಲ ಪತ್ರಿಕೆಯ 50 ಪ್ರಶ್ನೆಗಳೇ ನನ್ನನ್ನು ಮೊದಲ ಸಲ ಕೆಡವಿದ್ದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವೆಂಬುದನ್ನು ತಿಳಿದೂ ಖಾಲಿ ಬಿಟ್ಟುಬಂದಿದ್ದೆ. ಈಗ ವಾರಕ್ಕೆ ನಾಲ್ಕು ದಿನ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಭಾನುವಾರದ ಪಾಠ ಮತ್ತೆ ಕ್ರಮವಾಗಿ ನಡೆಯುತ್ತಿದೆ. ಗುರುಗಳು ಧನ್ಯಾಸಿ ಶುರು ಮಾಡಿದ್ದಾರೆ. ತೋಡಿಯ ಜನ್ಯ, ಸ್ವರಸ್ಥಾನಗಳು ಅವೇ. ಮೊದಲ ದಿನ ನಾನು ಗಾಂಧಾರಕ್ಕೆ ಬರುವಷ್ಟರಲ್ಲಿ ಕೈ ತೋರಿಸಿ ನಿಲ್ಲಿಸಿದರು. “ಇದು ತೋಡಿಯ ಗಾಂಧಾರ ಅಲ್ಲ. ಅದನ್ನ ಮನೇಲಿಟ್ಟು ಬಾ.”