ಸರ್ವರಿನಲ್ಲಿ ಪಿಎಚ್‌ಪಿ ಇಲ್ಲ, ಡೇಟಾಬೇಸ್ ಇಲ್ಲ: ಸ್ವಂತ ತಾಣಕ್ಕೆ ಹ್ಯೂಗೊ ಕೂರಿಸಿದ ಅನುಭವ

ಸ್ವಂತ ಡೊಮೇನಿನಲ್ಲಿ ಬ್ಲಾಗ್ ಎಂದರೆ ವರ್ಡ್‌ಪ್ರೆಸ್, ಬೇರೆಯದನ್ನು ಹುಡುಕುವುದು ಕಾಲಹರಣ ಎಂದವರೇ ಹೆಚ್ಚು. ಸ್ಟ್ಯಾಟಿಕ್ ತಾಣ (ಮೊದಲೇ ಕಟ್ಟಿಟ್ಟ ಎಚ್‌ಟಿಎಂಎಲ್ ಪುಟಗಳ ತಾಣ) ಪ್ರೋಗ್ರಾಮರುಗಳಿಗೆ ಮಾತ್ರ, ಅದರಲ್ಲಿ ಹುಡುಕಾಟ ಬರುವುದಿಲ್ಲ, ಹಳೆಯ ಲಿಂಕುಗಳೆಲ್ಲ ಮುರಿಯುತ್ತವೆ, ಕನ್ನಡಕ್ಕಂತೂ ಆಗಿಬರುವುದಿಲ್ಲ ಎಂದೆಲ್ಲ ಎಚ್ಚರಿಸಿದರು. ಸುಮಾರು ಆರುನೂರು ಬರಹ, ಎರಡು ಸಾವಿರದ ಹತ್ತಿರ ಚಿತ್ರಗಳಿರುವ ತಾಣ ಈಗ ಪೂರ್ತಿ ಹ್ಯೂಗೊ ಮೇಲೆ, ಅಂದರೆ ಬರಹಗಳನ್ನು ಅಂಥ ಪುಟಗಳಾಗಿ ಕಟ್ಟಿಕೊಡುವ ತಂತ್ರಾಂಶದ ಮೇಲೆ, ನಡೆಯುತ್ತಿದೆ. ಹುಡುಕಾಟ ಇದೆ, ಹಳೆಯ ಲಿಂಕುಗಳೆಲ್ಲ ತೆರೆಯುತ್ತವೆ, ವರ್ಷದ ಖರ್ಚು ಹಿಂದಿನದರ ಕಾಲು ಭಾಗದಷ್ಟು. ಮಾರ್ಕ್‌ಡೌನ್ (ಸರಳ ಗುರುತುಗಳಿಂದ ಬರೆಯುವ ಪಠ್ಯರೂಪ), ಎಸ್‌ಎಸ್‌ಎಚ್ (ದೂರದ ಸರ್ವರಿಗೆ ಲಾಗಿನ್ ಆಗುವ ದಾರಿ), ಎಚ್‌ಟಿಆಕ್ಸೆಸ್ (ಅಪಾಚಿ ವೆಬ್ ಸರ್ವರಿನ ನಿಯಮಗಳ ಫೈಲು) ನಿಮಗೆ ಗೊತ್ತಿದೆ ಎಂದುಕೊಂಡು, ಎಲ್ಲೆಲ್ಲಿ ಕೆಲಸ ಕೈಕೊಡುತ್ತದೆ ಎಂಬುದನ್ನೇ ಹೆಚ್ಚಾಗಿ ಬರೆಯುತ್ತೇನೆ.

ಮೊದಲು ದುಡ್ಡಿನ ಮಾತು. ಹೋಸ್ಟಿಂಗ್‌ಗೆ ಮೊದಲ ವರ್ಷ ತೋರಿಸುವ ದರಕ್ಕೂ ನವೀಕರಣದ ದರಕ್ಕೂ ಹೆಚ್ಚೂಕಡಿಮೆ ಮೂರು ಪಟ್ಟು ವ್ಯತ್ಯಾಸ. ಅದರ ಮೇಲೆ ಬ್ಯಾಕಪ್‌ಗೆ ಬೇರೆ, ಮಾಲ್‌ವೇರ್ ತಪಾಸಣೆಗೆ ಬೇರೆ, ಕ್ಯಾಶ್ ಪ್ಲಗಿನ್ನಿನ ಪಾವತಿ ಆವೃತ್ತಿಗೆ ಬೇರೆ. ಇವೆಲ್ಲ ಬೇಕಾಗುವುದು ಸರ್ವರಿನಲ್ಲಿ ಪಿಎಚ್‌ಪಿ (ಪುಟವನ್ನು ಕೇಳಿದಾಗ ಕಟ್ಟುವ ಪ್ರೋಗ್ರಾಮಿನ ಭಾಷೆ) ಮತ್ತು ಡೇಟಾಬೇಸ್ ಇರುವುದರಿಂದ. ನನ್ನ ಬರಹಗಳ ಪಠ್ಯವೆಲ್ಲ ಸೇರಿ 15 ಎಂಬಿ ದಾಟುವುದಿಲ್ಲ. ಡೇಟಾಬೇಸ್ ಮಾತ್ರ 200 ಎಂಬಿ ಹತ್ತಿರ ಬೆಳೆದಿತ್ತು. ತುಂಬಿದ್ದು ಹಳೆಯ ರಿವಿಷನ್‌ಗಳು, ಟ್ರಾನ್ಸಿಯೆಂಟ್ ಎಂಬ ತಾತ್ಕಾಲಿಕ ದಾಖಲೆಗಳು, ತೆಗೆದುಹಾಕಿದ ಪ್ಲಗಿನ್‌ಗಳು ಬಿಟ್ಟುಹೋದ ಟೇಬಲ್‌ಗಳು. ಕಡಿಮೆ ದರದ ಪ್ಲಾನಿನಲ್ಲಿ ಜಾಗಕ್ಕಿಂತ ಮೊದಲು ಮುಗಿಯುವುದು ಫೈಲುಗಳ ಸಂಖ್ಯೆಯ ಮಿತಿ, ಅಂದರೆ ಐನೋಡ್. ಕ್ಯಾಮೆರಾದ ಒಂದು ದೊಡ್ಡ ಚಿತ್ರ ಏರಿಸಿದರೆ ವರ್ಡ್‌ಪ್ರೆಸ್ 150, 300, 768, 1024, 1536, 2048 ಪಿಕ್ಸೆಲ್ ಅಳತೆಯ ಪ್ರತಿಗಳನ್ನೂ 2560ಕ್ಕೆ ಇಳಿಸಿದ ಇನ್ನೊಂದನ್ನೂ ಮಾಡುತ್ತದೆ. ಮೂಲವೂ ಸೇರಿ ಎಂಟು ಫೈಲು; ಥೀಮ್ ತನ್ನದೇ ಅಳತೆಗಳನ್ನು ಸೇರಿಸಿದರೆ ಹತ್ತು ಹನ್ನೆರಡು. ಎರಡು ಸಾವಿರ ಚಿತ್ರಕ್ಕೆ ಲೆಕ್ಕ ಹಾಕಿ, ಪ್ಲಾನನ್ನು ಯಾಕೆ ಏರಿಸಬೇಕಾಗುತ್ತದೆ ಎಂಬುದು ತಿಳಿಯುತ್ತದೆ.

ಆಕ್ಸೆಸ್ ಲಾಗ್ ತೆರೆದರೆ ಇನ್ನೊಂದು ಖರ್ಚು ಕಾಣುತ್ತದೆ. ಓದುಗರಿಗಿಂತ ಲಾಗಿನ್ ಪುಟಕ್ಕೆ, ಹೊರಗಿನ ಆ್ಯಪ್‌ಗಳು ವರ್ಡ್‌ಪ್ರೆಸ್ ಜೊತೆ ಮಾತಾಡುವ ಎಕ್ಸ್‌ಎಂಎಲ್‌ಆರ್‌ಪಿಸಿ ಫೈಲಿಗೆ ಬಡಿಯುವ ಬಾಟ್‌ಗಳೇ ಹೆಚ್ಚು, ಒಂದೊಂದು ಬಡಿತಕ್ಕೂ ಪಿಎಚ್‌ಪಿ ಎದ್ದು ಕೂರಬೇಕು. ಈಗಲೂ ಅವು ಬರುತ್ತವೆ, 404 (ಪುಟ ಸಿಗಲಿಲ್ಲ ಎಂಬ ಉತ್ತರ) ತಗೊಂಡು ಹೋಗುತ್ತವೆ. ಸಾದಾ ಎಚ್‌ಟಿಎಂಎಲ್ 404 ಪುಟ ಕೊಡಲು ಸರ್ವರಿಗೆ ಏನೂ ಶ್ರಮವಿಲ್ಲ.

ಈ ಪದ್ಧತಿ ಹೊಸದೇನೂ ಅಲ್ಲ. 2001ರ ಮೂವಬಲ್ ಟೈಪ್ ಎಂಬ ಬ್ಲಾಗ್ ತಂತ್ರಾಂಶ ಕೂಡ ಎಚ್‌ಟಿಎಂಎಲ್ ಫೈಲುಗಳನ್ನೇ ಬರೆದಿಡುತ್ತಿತ್ತು. ಬ್ಲಾಗರ್‌ನಿಂದ ಎಫ್‌ಟಿಪಿ ಮೂಲಕ ನಮ್ಮದೇ ತಾಣಕ್ಕೆ ಪುಟ ಕಳಿಸುವ ಸೌಲಭ್ಯ 2010ರವರೆಗೆ ಇತ್ತು. ಹ್ಯೂಗೊದಂಥದ್ದೇ ಆದ ಜೆಕಿಲ್ ಕೂಡ ನೋಡಿದೆ. ಅದು ರೂಬಿ ಭಾಷೆಯ ಮೇಲೆ ನಿಂತದ್ದು. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಮೇಲ್ದರ್ಜೆಗೇರಿದಾಗಲೆಲ್ಲ ಜೆಮ್‌ಗಳ, ಅಂದರೆ ರೂಬಿಯ ಪ್ಯಾಕೇಜುಗಳ, ಜಗಳ ಬಿಡಿಸಬೇಕು. ಹ್ಯೂಗೊ ಒಂದೇ ಒಂದು ಬೈನರಿ ಫೈಲು (ನೇರವಾಗಿ ಓಡಿಸುವ ಪ್ರೋಗ್ರಾಂ), ಜೊತೆಗೆ ಬೇರೇನೂ ಬೇಡ. ಆಯ್ಕೆಗೆ ನನಗೆ ಅಷ್ಟು ಸಾಕಾಯಿತು. ಥೀಮ್ ಸ್ಯಾಸ್ (ಸಿಎಸ್‌ಎಸ್ ಹುಟ್ಟಿಸುವ ಶೈಲಿ ಭಾಷೆ) ಬಳಸುತ್ತಿದ್ದರೆ ಎಕ್ಸ್‌ಟೆಂಡೆಡ್ ಆವೃತ್ತಿಯನ್ನೇ ಇಳಿಸಿಕೊಳ್ಳಿ, ಇಲ್ಲದಿದ್ದರೆ ಮೊದಲ ಬಿಲ್ಡ್ (ಪುಟಗಳನ್ನು ಕಟ್ಟುವ ಕೆಲಸ) ಅಲ್ಲೇ ನಿಲ್ಲುತ್ತದೆ.

ಕಷ್ಟವೆಲ್ಲ ಇರುವುದು ವರ್ಗಾವಣೆಯಲ್ಲಿ. ವರ್ಡ್‌ಪ್ರೆಸ್‌ನ ಎಕ್ಸ್‌ಪೋರ್ಟ್ ಕೊಡುವ ಎಕ್ಸ್‌ಎಂಎಲ್‌ನಲ್ಲಿ ಚಿತ್ರಗಳು ಇರುವುದಿಲ್ಲ, ವಿಳಾಸ ಮಾತ್ರ ಇರುತ್ತದೆ. ಅಪ್‌ಲೋಡ್ಸ್ ಫೋಲ್ಡರನ್ನು ಎಫ್‌ಟಿಪಿಯಲ್ಲಿ ಇಳಿಸಿಕೊಂಡು ಹ್ಯೂಗೊದ ಸ್ಟ್ಯಾಟಿಕ್ ಫೋಲ್ಡರಿನೊಳಗೆ ಅದೇ ಹಳೆಯ ದಾರಿಯಲ್ಲಿ, ವರ್ಷ-ತಿಂಗಳಿನ ಉಪಫೋಲ್ಡರುಗಳ ಸಮೇತ ಇಡಿ. ಬರಹದೊಳಗಿನ ಚಿತ್ರದ ಲಿಂಕು ಒಂದನ್ನೂ ಮುಟ್ಟಬೇಕಿಲ್ಲ. ಬರಹಗಳು ಕರೆಯುತ್ತಿರುವ ಅಳತೆಗಳನ್ನು ಮಾತ್ರ ಉಳಿಸಿ ಮಿಕ್ಕವನ್ನು ಅಳಿಸಿದರೆ ಫೈಲುಗಳ ಸಂಖ್ಯೆ ಐದನೇ ಒಂದಕ್ಕೆ ಇಳಿಯುತ್ತದೆ. ಈ ಜರಡಿ ಹಿಡಿಯುವ ಸ್ಕ್ರಿಪ್ಟನ್ನು ಇಲ್ಲಿ ಕೊಡುವುದಿಲ್ಲ, ಆದರೆ ಎಕ್ಸ್‌ಎಂಎಲ್‌ನಿಂದ ಚಿತ್ರದ ವಿಳಾಸಗಳನ್ನು ಹೆಕ್ಕಿ ಪಟ್ಟಿ ಮಾಡಿದರೆ ಅರ್ಧ ಕೆಲಸ ಆದಂತೆ.

ಪಠ್ಯವನ್ನು ಮಾರ್ಕ್‌ಡೌನ್‌ಗೆ ತಿರುಗಿಸುವ ಪ್ಲಗಿನ್‌ಗಳಿವೆ, ಬಳಸಿ. ತಿರುಗಿಸಿದ ಮೇಲೆ ಮೂರು ಕಡೆ ಕಣ್ಣಿಡಿ. ಬರಹದ ನಡುವೆ ಇದ್ದ ಎಚ್‌ಟಿಎಂಎಲ್ ಕೋಷ್ಟಕ, ವಿಡಿಯೊ ಚೌಕಟ್ಟುಗಳು ಮಾಯವಾಗುತ್ತವೆ: ಹ್ಯೂಗೊ 0.60ರಿಂದೀಚೆಗೆ ಅದರೊಳಗೆ ಮಾರ್ಕ್‌ಡೌನ್ ಓದುವ ಗೋಲ್ಡ್‌ಮಾರ್ಕ್ ಹಸಿ ಎಚ್‌ಟಿಎಂಎಲ್ ಅನ್ನು ಬಿಟ್ಟುಬಿಡುತ್ತದೆ. ಕಾನ್ಫಿಗ್‌ನ ಮಾರ್ಕಪ್ ಭಾಗದಲ್ಲಿ ಗೋಲ್ಡ್‌ಮಾರ್ಕ್ ರೆಂಡರರ್‌ನ 'ಅನ್‌ಸೇಫ್' ಅನ್ನು ಟ್ರೂ ಮಾಡಿ; ಬರೆಯುವವರು ನೀವೊಬ್ಬರೇ ಆದ್ದರಿಂದ ಅಪಾಯವಿಲ್ಲ. ಇನ್ನೊಂದು ಕವಿತೆಗಳದ್ದು. ವರ್ಡ್‌ಪ್ರೆಸ್ ಸಾಲು ಮುರಿದಲ್ಲೆಲ್ಲ ತಾನೇ ಮುರಿತ ಹಾಕಿ ತೋರಿಸುತ್ತದೆ, ಮಾರ್ಕ್‌ಡೌನ್ ಹಾಗೆ ಮಾಡುವುದಿಲ್ಲ, ನಾಲ್ಕು ಸಾಲಿನ ಪದ್ಯ ಒಂದೇ ಗದ್ಯದ ಸಾಲಾಗುತ್ತದೆ. 'ಹಾರ್ಡ್‌ವ್ರ್ಯಾಪ್ಸ್' ಟ್ರೂ ಮಾಡಿದರೆ ಸರಿಹೋಗುತ್ತದೆ. ಮೂರನೆಯದು ಗ್ಯಾಲರಿ, ಕ್ಯಾಪ್ಷನ್‌ನಂಥ ಶಾರ್ಟ್‌ಕೋಡ್‌ಗಳು ಚೌಕಾವರಣದ ಸಮೇತ ಪುಟದಲ್ಲಿ ಉಳಿದುಬಿಡುವುದು. ಅವನ್ನು ಹುಡುಕಿ ಕೈಯಲ್ಲೇ ತೆಗೆಯಬೇಕು, ಅಡ್ಡದಾರಿ ಸಿಕ್ಕಿಲ್ಲ.

ಕನ್ನಡ ವಿಳಾಸಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಬಹುತೇಕರು ಸೋತು ಹಿಂದಿರುಗುವುದು ಇಲ್ಲೇ. ಯುಟಿಎಫ್-8ನಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟಿಗೆ (ಅಕ್ಷರ, ಸ್ವರಚಿಹ್ನೆ, ಅರ್ಧಾಕ್ಷರದ ಚಿಹ್ನೆ ಒಂದೊಂದಕ್ಕೂ) ಮೂರು ಬೈಟು. ವಿಳಾಸದಲ್ಲಿ ಪ್ರತಿ ಬೈಟೂ % ಮತ್ತು ಎರಡು ಅಕ್ಷರವಾಗುವ ಪರ್ಸೆಂಟ್ ರೂಪಕ್ಕೆ ತಿರುಗಿದಾಗ ಒಂಬತ್ತು ಅಕ್ಷರ. 'ಸ್ತ್ರೀ' ಎಂಬ ಒಂದೇ ಒತ್ತಕ್ಷರ 54 ಅಕ್ಷರ ನುಂಗುತ್ತದೆ. ವರ್ಡ್‌ಪ್ರೆಸ್ ಸ್ಲಗ್‌ಗೆ, ಅಂದರೆ ವಿಳಾಸದಲ್ಲಿ ಬರಹವನ್ನು ಗುರುತಿಸುವ ಭಾಗಕ್ಕೆ, ಕೊಟ್ಟಿರುವ ಜಾಗವೇ 200. ಅಲ್ಲಿಗೆ ಇಪ್ಪತ್ತೆರಡು ಕೋಡ್ ಪಾಯಿಂಟ್, ಅಂದರೆ ನಾಲ್ಕೈದು ಪದದ ಶೀರ್ಷಿಕೆ ಪದದ ನಡುವೆಯೇ ತುಂಡಾಗುತ್ತದೆ. ತುಂಡಾದ ಆ ಹಳೆಯ ವಿಳಾಸವನ್ನು ತುಂಡಾದಂತೆಯೇ ಉಳಿಸಿಕೊಳ್ಳಬೇಕು. ಎಕ್ಸ್‌ಎಂಎಲ್‌ನಲ್ಲಿರುವ ಸ್ಲಗ್ ಪರ್ಸೆಂಟ್ ರೂಪದ್ದು. ಅದನ್ನು ಹಾಗೇ ಫ್ರಂಟ್ ಮ್ಯಾಟರಿನ (ಬರಹದ ಫೈಲಿನ ತಲೆಯಲ್ಲಿರುವ ವಿವರಗಳ) ಯುಆರ್‌ಎಲ್‌ಗೆ ಹಾಕಿದರೆ ಪರ್ಸೆಂಟ್ ಚಿಹ್ನೆಗಳಿರುವ ಹೆಸರಿನ ಫೋಲ್ಡರ್ ಹುಟ್ಟುತ್ತದೆ. ಅಪಾಚಿಯಾದರೋ ಬಂದ ವಿಳಾಸವನ್ನು ಮೊದಲು ಕನ್ನಡಕ್ಕೆ ಬಿಡಿಸಿಕೊಂಡು ಆ ಕನ್ನಡ ಹೆಸರಿನ ಫೋಲ್ಡರ್ ಹುಡುಕುತ್ತದೆ, ಸಿಗದೆ 404 ಕೊಡುತ್ತದೆ. ಹಾಗಾಗಿ ಡಿಕೋಡ್ ಮಾಡಿದ ಕನ್ನಡವನ್ನೇ ಹಾಕಬೇಕು.

ಅಷ್ಟು ಮಾಡಿದರೂ ಕೆಲವೇ ಪುಟಗಳು ತೆರೆಯದಿದ್ದರೆ, ಅವುಗಳ ಹೆಸರಿನಲ್ಲಿ ೀ, ೇ, ೈ, ೊ, ೋ ಇವೆಯೇ ನೋಡಿ. ಈ ಐದನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎರಡು ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಸರ್ವರಿಗೆ ಬೇರೆ ಬೇರೆ ಹೆಸರು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕು ಫೈಲಿನ ಹೆಸರನ್ನು ಬಿಡಿಸಿದ ರೂಪದಲ್ಲೇ ಇಟ್ಟುಕೊಳ್ಳುತ್ತದೆ. ಅಲ್ಲಿಂದ ಲಿನಕ್ಸ್ ಸರ್ವರಿಗೆ ಏರಿಸಿದರೆ ಈ ಐದು ಚಿಹ್ನೆಗಳಿರುವ ಪುಟಗಳಷ್ಟೇ ಕಾಣೆಯಾಗುತ್ತವೆ. ಫೈಲುಗಳನ್ನು ಸರ್ವರಿಗೆ ಏರಿಸುವ ಆರ್‌ಸಿಂಕ್‌ನ ಐಕಾನ್ವ್ ಆಯ್ಕೆಯಲ್ಲಿ 'ಯುಟಿಎಫ್-8-ಮ್ಯಾಕ್'ನಿಂದ 'ಯುಟಿಎಫ್-8'ಗೆ ಎಂದು ಕೊಟ್ಟರೆ ಪರಿಹಾರ. ಅಥವಾ ಲಿನಕ್ಸಿನಲ್ಲೇ ಬಿಲ್ಡ್ ಮಾಡಿ. 'ಸಾಫ್ಟ್‌ವೇರ್' ಎಂಬಲ್ಲಿ 'ವೇ' ಒತ್ತಾಗಿ ಕೂಡಿಕೊಳ್ಳದಂತೆ ನಡುವೆ ಕೂರುವ ಶೂನ್ಯ ಅಗಲದ ಚಿಹ್ನೆಯೂ ಇಂಥದ್ದೇ ತಂಟೆ. ಇಷ್ಟೆಲ್ಲ ನೋಡಿದ ಮೇಲೆ ಹೊಸ ಬರಹಗಳಿಗೆ ಶೀರ್ಷಿಕೆ ಕನ್ನಡದಲ್ಲಿ, ಸ್ಲಗ್ ಚಿಕ್ಕದಾಗಿ ರೋಮನ್ ಲಿಪಿಯಲ್ಲಿ ಇಡುತ್ತಿದ್ದೇನೆ. ಭಾಷಾಭಿಮಾನಕ್ಕೆ ಇದರಿಂದ ಕುಂದಿಲ್ಲ. ಹಂಚಿಕೊಂಡ ಲಿಂಕು ಪರ್ಸೆಂಟ್ ಚಿಹ್ನೆಗಳ ಸಾಲಾಗದೆ ಓದುವಂತಿರುತ್ತದೆ.

ಶೀರ್ಷಿಕೆಯ ಬದಲು 'ಪಿ=123' ರೂಪದಲ್ಲಿರುವ ಹಳೆಯ ಲಿಂಕುಗಳೂ ಹೊರಗೆಲ್ಲೋ ಉಳಿದಿರುತ್ತವೆ. ಎಚ್‌ಟಿಆಕ್ಸೆಸ್‌ನಲ್ಲಿ ಕ್ವೆರಿ ಸ್ಟ್ರಿಂಗ್ (ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರದ ಭಾಗ) ನೋಡುವ ಒಂದು ಷರತ್ತು, ಕೆಳಗೆ ಹೊಸ ವಿಳಾಸಕ್ಕೆ ಕಾಯಂ ಆಗಿ ತಿರುಗಿಸುವ 301 ನಿಯಮ. ಹೊಸ ವಿಳಾಸದ ಕೊನೆಗೆ ಬರೀ ಪ್ರಶ್ನಾರ್ಥಕ ಚಿಹ್ನೆ ಇಡದಿದ್ದರೆ 'ಪಿ=123' ಬಾಲ ಹೊಸ ವಿಳಾಸಕ್ಕೂ ಅಂಟಿಕೊಂಡು ಬರುತ್ತದೆ. ಆರುನೂರು ಜೋಡಿ ನಿಯಮಗಳನ್ನು ಎಕ್ಸ್‌ಎಂಎಲ್‌ನಿಂದಲೇ ಹುಟ್ಟಿಸಿದೆ, ವೇಗದಲ್ಲಿ ವ್ಯತ್ಯಾಸ ಗೊತ್ತಾಗುತ್ತಿಲ್ಲ.

ಹೊಸ ಬರಹಗಳನ್ನು ಚಂದಾದಾರರಿಗೆ ತಲುಪಿಸುವ ಆರೆಸ್ಸೆಸ್ ಫೀಡ್ ವಿಷಯವನ್ನು ಯಾರೂ ಹೇಳುವುದಿಲ್ಲ. ಹಳೆಯ ಫೀಡ್ ವಿಳಾಸವನ್ನು ಹ್ಯೂಗೊದ ಇಂಡೆಕ್ಸ್ ಎಕ್ಸ್‌ಎಂಎಲ್‌ಗೆ ತಿರುಗಿಸಿದರೆ ಮುಗಿಯಲಿಲ್ಲ. ವರ್ಡ್‌ಪ್ರೆಸ್ ಫೀಡಿನಲ್ಲಿ ಪ್ರತಿ ಬರಹದ ಗುರುತು, ಅಂದರೆ ಜಿಯುಐಡಿ, ಆ 'ಪಿ=123' ರೂಪದ್ದು. ಹ್ಯೂಗೊ ಅಲ್ಲಿ ಪುಟದ ವಿಳಾಸ ಹಾಕುತ್ತದೆ. ಗುರುತು ಬದಲಾದ ಕೂಡಲೇ ಚಂದಾದಾರರ ರೀಡರುಗಳಲ್ಲಿ ಹಳೆಯ ಬರಹಗಳೆಲ್ಲ ಹೊಸದಾಗಿ ಸುರಿಯುತ್ತವೆ. ಹಳೆಯ ಜಿಯುಐಡಿಯನ್ನು ಫ್ರಂಟ್ ಮ್ಯಾಟರಿನಲ್ಲಿ ಇಟ್ಟು, ಆರೆಸ್ಸೆಸ್ ಟೆಂಪ್ಲೇಟಿನಲ್ಲಿ 'ಅದು ಇದ್ದರೆ ಅದು, ಇಲ್ಲದಿದ್ದರೆ ವಿಳಾಸ' ಎಂದು ಬರೆದೆ. ಒಬ್ಬ ಚಂದಾದಾರರಿಗೂ ವರ್ಗಾವಣೆಯ ಸುಳಿವು ಸಿಗಲಿಲ್ಲ. ಫೀಡಿನ ಮಿತಿಯನ್ನು ಇಪ್ಪತ್ತಕ್ಕೋ ಮೂವತ್ತಕ್ಕೋ ಕಟ್ಟಿಹಾಕಿ. ಹಾಗೇ ಬಿಟ್ಟರೆ ಆರುನೂರೂ ಅದರೊಳಗೆ ಸೇರುತ್ತವೆ. ಟ್ಯಾಗ್‌ಗಳಿಗೆ ಪ್ರತ್ಯೇಕ ಫೀಡ್ ಬೇಡವಾದರೆ ಟರ್ಮ್ ಪುಟಗಳ ಔಟ್‌ಪುಟ್‌ನಲ್ಲಿ ಎಚ್‌ಟಿಎಂಎಲ್ ಒಂದನ್ನೇ ಉಳಿಸಿ, ನೂರಾರು ಫೈಲು ಕಡಿಮೆಯಾಗುತ್ತವೆ.

ಮನೆಯ ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡ ತಾಣ ಸರ್ವರಿನಲ್ಲಿ ಬಣ್ಣವಿಲ್ಲದೆ ಬರೀ ಅಕ್ಷರವಾಗಿ ಕಂಡರೆ, ನೀವು ಬ್ಲಾಗನ್ನು ಡೊಮೇನಿನ ಉಪಫೋಲ್ಡರಿನಲ್ಲಿ ಇಟ್ಟಿರುವ ಸಾಧ್ಯತೆ ಹೆಚ್ಚು. ಕಾನ್ಫಿಗ್‌ನಲ್ಲಿ ತಾಣದ ವಿಳಾಸ ಹೇಳುವ ಬೇಸ್‌ಯುಆರ್‌ಎಲ್‌ಗೆ ಕೊನೆಯ ಓರೆಗೆರೆ ಇರಲಿ. ಟೆಂಪ್ಲೇಟುಗಳಲ್ಲಿ ಲಿಂಕು ಕಟ್ಟುವ ರೆಲ್‌ಯುಆರ್‌ಎಲ್‌ಗೆ ಕೊಡುವ ದಾರಿಯ ಮೊದಲಲ್ಲಿ ಓರೆಗೆರೆ ಇರಬಾರದು; ಇದ್ದರೆ ಹ್ಯೂಗೊ ಉಪಫೋಲ್ಡರನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಬೇರೆಯವರ ಥೀಮ್‌ಗಳಲ್ಲಿ ಇದು ತೀರಾ ಸಾಮಾನ್ಯ. ಹೊಸ ಬರಹ ಬೆಳಿಗ್ಗೆ ಪ್ರಕಟವಾಗದೆ ಮಧ್ಯಾಹ್ನದ ಬಿಲ್ಡ್‌ನಲ್ಲಿ ತಾನಾಗಿ ಕಾಣಿಸಿಕೊಂಡರೆ ಅದು ಗಡಿಯಾರದ ಸಮಸ್ಯೆ. ವಲಯ ಹೇಳದೆ 'ಬೆಳಿಗ್ಗೆ 9' ಎಂದು ದಿನಾಂಕ ಕೊಟ್ಟರೆ ಹ್ಯೂಗೊ ಯುಟಿಸಿ ಎಂದುಕೊಳ್ಳುತ್ತದೆ. ಯುಟಿಸಿಗಿಂತ ಐದೂವರೆ ಗಂಟೆ ಮುಂದಿರುವ ಗಡಿಯಾರಕ್ಕೆ ಅದು ಎರಡೂವರೆ. ಅಲ್ಲಿಯವರೆಗೆ ಅದು ಭವಿಷ್ಯದ ಬರಹ, ಬಿಲ್ಡ್ ಆಗುವುದಿಲ್ಲ. ಕಾನ್ಫಿಗ್‌ನ ಟೈಮ್‌ಝೋನ್‌ನಲ್ಲಿ ನಿಮ್ಮ ವಲಯ ಬರೆದರೆ ಆಯಿತು.

ಏರಿಸುವುದು ಆರ್‌ಸಿಂಕ್‌ನಿಂದ. ಪ್ರತಿ ಬಿಲ್ಡ್‌ನಲ್ಲೂ ಹ್ಯೂಗೊ ಎಲ್ಲ ಪುಟಗಳನ್ನು ಹೊಸದಾಗಿ ಬರೆಯುವುದರಿಂದ ಫೈಲಿನ ವೇಳೆಯನ್ನು ನಂಬಬಾರದು, ಫೈಲಿನ ಒಳಗಿನದನ್ನೇ ಹೋಲಿಸುವ ಚೆಕ್‌ಸಮ್ ಆಯ್ಕೆ ಹಾಕಿ; ಆಗ ಬದಲಾದ ಹತ್ತಾರು ಫೈಲು ಮಾತ್ರ ಹೋಗುತ್ತವೆ. ಪಬ್ಲಿಕ್ ಫೋಲ್ಡರಿನಲ್ಲಿ ಅಳಿಸಿದ ಬರಹಗಳ ಹಳೆಯ ಪುಟ ಉಳಿದಿರುತ್ತದೆ, ಬಿಲ್ಡ್‌ಗೆ ಮುಂಚೆ ಅದನ್ನು ಖಾಲಿ ಮಾಡಿ, ಆರ್‌ಸಿಂಕ್‌ಗೆ ಡಿಲೀಟ್ ಆಯ್ಕೆ ಕೊಡಿ. ಆದರೆ 'ವೆಲ್-ನೋನ್' ಫೋಲ್ಡರನ್ನು ಹೊರತುಪಡಿಸದೆ ಡಿಲೀಟ್ ಕೊಟ್ಟರೆ ಎಸ್‌ಎಸ್‌ಎಲ್ ಪ್ರಮಾಣಪತ್ರದ ಪರಿಶೀಲನಾ ಫೈಲು ಅಳಿಸಿಹೋಗಿ ನವೀಕರಣ ನಿಲ್ಲಬಹುದು. ಉಚಿತ ಪ್ರಮಾಣಪತ್ರಗಳ ಅವಧಿ ಚಿಕ್ಕದು, ತೊಂದರೆ ಬೆಳಕಿಗೆ ಬರುವಷ್ಟರಲ್ಲಿ ಕಾರಣ ಮರೆತಿರುತ್ತದೆ. ಮೊದಲ ಸಲ ಡ್ರೈ ರನ್ (ಏನನ್ನೂ ಬದಲಿಸದ ತಾಲೀಮು) ಮಾಡಿ ಪಟ್ಟಿ ಓದಿಕೊಳ್ಳಿ.

ಹುಡುಕಾಟಕ್ಕೆ ಪೇಜ್‌ಫೈಂಡ್. ಬಿಲ್ಡ್ ಆದ ಮೇಲೆ ಅದನ್ನು ಪಬ್ಲಿಕ್ ಫೋಲ್ಡರಿನ ಮೇಲೆ ಓಡಿಸಿದರೆ ಸೂಚಿಯನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಬರೆದಿಡುತ್ತದೆ, ಹುಡುಕಾಟವೆಲ್ಲ ಓದುಗರ ಬ್ರೌಸರಿನಲ್ಲೇ ನಡೆಯುತ್ತದೆ. ಪುಟದ ಲ್ಯಾಂಗ್ ಗುಣದಲ್ಲಿ ಕನ್ನಡದ ಸಂಕೇತವಿರಲಿ, ಅನೇಕ ಥೀಮ್‌ಗಳು ಇಂಗ್ಲಿಷಿನದ್ದನ್ನೇ ಗಟ್ಟಿಯಾಗಿ ಬರೆದಿಟ್ಟಿರುತ್ತವೆ. ಕನ್ನಡದ ವಿಭಕ್ತಿಗಳನ್ನು ಕಳಚುವುದು ಅದಕ್ಕೆ ಬಾರದು, ಆದರೆ ಪದದ ಮೊದಲ ಭಾಗ ಹೊಂದಿದರೂ ಫಲಿತಾಂಶ ಕೊಡುತ್ತದೆ. 'ಮನೆ' ಎಂದರೆ ಮನೆಯಲ್ಲಿ, ಮನೆಗೆ, ಮನೆಯಿಂದ ಎಲ್ಲವೂ ಸಿಗುತ್ತವೆ. 'ಊರು' ಎಂದರೆ ಮಾತ್ರ 'ಊರಿನ' ಸಿಗುವುದಿಲ್ಲ, ಕೊನೆಯ ಉಕಾರ ಅಡ್ಡ ಬರುತ್ತದೆ. 'ಊರ' ಎಂದು ಹುಡುಕಿದರೆ ಎರಡೂ ಬರುತ್ತವೆ. ಓದುಗರಿಗೆ ಈ ಪಾಠ ಹೇಳುವ ಬದಲು ಹುಡುಕುವ ಪದವನ್ನು ಪೇಜ್‌ಫೈಂಡ್‌ಗೆ ಕೊಡುವ ಮುನ್ನ ತುಸು ತಿದ್ದುವ ಕೆಲವು ಸಾಲು ಸೇರಿಸಿದ್ದೇನೆ. ಯಾವ ಪ್ರತ್ಯಯಕ್ಕೆ ಏನು ಮಾಡುತ್ತೇನೆ ಎಂಬ ಪಟ್ಟಿ ನನ್ನಲ್ಲೇ ಇರಲಿ. ವರ್ಡ್‌ಪ್ರೆಸ್‌ನ ಹುಡುಕಾಟಕ್ಕಿಂತ ಇದು ಚೆನ್ನಾಗಿದೆ ಎಂದು ಧೈರ್ಯವಾಗಿ ಹೇಳಬಲ್ಲೆ.

ನಡುವೆ ಫಾಂಟಿನ ಒಂದು ಪ್ರಯೋಗ. ನೋಟೊ ಸ್ಯಾನ್ಸ್ ಕನ್ನಡ ಫಾಂಟಿನಲ್ಲಿ ಬೇಡದ ಅಕ್ಷರ ಕತ್ತರಿಸಿ ವೋಫ್2 (ವೆಬ್ ಫಾಂಟಿನ ಒತ್ತಿದ ರೂಪ) ಮಾಡಿದರೆ ಪುಟ ಹಗುರವಾಗುತ್ತದೆ. ಕತ್ತರಿಸುವಾಗ ಬಳಕೆಯಲ್ಲಿರುವ ಅಕ್ಷರ ಮಾತ್ರ ಸಾಕು ಎಂಬ ಆಸೆ ಬೇಡ. ಕನ್ನಡ ವಿಭಾಗ ಪೂರ್ತಿ ಇರಲಿ, ಜೊತೆಗೆ ಅಕ್ಷರಗಳನ್ನು ಬೇರ್ಪಡಿಸುವ, ಕೂಡಿಸುವ ಶೂನ್ಯ ಅಗಲದ ಎರಡೂ ಚಿಹ್ನೆಗಳು ಇರಲಿ, ಲೇಔಟ್ ಫೀಚರುಗಳನ್ನೆಲ್ಲ ಉಳಿಸಿ. ಇಲ್ಲದಿದ್ದರೆ ಒತ್ತಕ್ಷರಗಳು ಬಿಚ್ಚಿಕೊಳ್ಳುತ್ತವೆ. ಸಿಎಸ್‌ಎಸ್‌ನ ಯೂನಿಕೋಡ್ ರೇಂಜ್‌ನಲ್ಲೂ ಆ ಎರಡು ಚಿಹ್ನೆಗಳನ್ನು ಸೇರಿಸಿ. ಸಾಲಿನ ಎತ್ತರ 1.7ರ ಸುತ್ತ ಇದ್ದರೆ ಒತ್ತು ಕೆಳಗಿನ ಸಾಲಿಗೆ ತಾಗುವುದಿಲ್ಲ.

ಪ್ರತಿಕ್ರಿಯೆಗಳಿಗೆ ಸದ್ಯ ಪ್ರತಿ ಬರಹದ ಕೆಳಗೆ ಇಮೇಲ್ ಲಿಂಕು. ಬಂದ ಒಳ್ಳೆಯ ಪತ್ರಗಳನ್ನು ಕಳಿಸಿದವರ ಒಪ್ಪಿಗೆ ಪಡೆದು ಕೈಯಿಂದ ಸೇರಿಸುತ್ತೇನೆ. ಹಳೆಯವು ಎಕ್ಸ್‌ಎಂಎಲ್‌ನಲ್ಲೇ ಇದ್ದವು, ಡೇಟಾ ಫೈಲಾಗಿ ಮಾಡಿ ಬರಹದ ಕೆಳಗೆ ಅಚ್ಚೊತ್ತಿದ್ದೇನೆ. ದಿನಕ್ಕೆ ನೂರಾರು ಪ್ರತಿಕ್ರಿಯೆ ಬರುವ ತಾಣಕ್ಕೆ ಈ ದಾರಿ ಹೊಂದುವುದಿಲ್ಲ, ಅಂಥವರು ವರ್ಡ್‌ಪ್ರೆಸ್‌ನಲ್ಲೇ ಇರಿ.

ಕೊನೆಯ ಮುಖ್ಯ ಕೆಲಸ, ಬೈನರಿಯನ್ನು ಕಟ್ಟಿಹಾಕುವುದು. ಹ್ಯೂಗೊದ ಹೊಸ ಆವೃತ್ತಿಗಳು ಕಾನ್ಫಿಗ್‌ನ ಹೆಸರುಗಳನ್ನು ಬದಲಿಸುತ್ತವೆ, ಹಳೆಯ ಥೀಮ್ ಒಡೆಯುತ್ತದೆ. ಪುಟ ವಿಂಗಡಣೆಯ 'ಪ್ಯಾಜಿನೇಟ್' ಹೋಗಿ ಅದಕ್ಕೇ ಒಂದು ವಿಭಾಗ ಬಂದದ್ದು ಇದಕ್ಕೊಂದು ಉದಾಹರಣೆ. ತಾಣದ ಫೋಲ್ಡರಿನಲ್ಲೇ ಬಿನ್ ಎಂಬ ಉಪಫೋಲ್ಡರ್ ಮಾಡಿ ಆ ದಿನ ಬಳಸಿದ ಬೈನರಿಯನ್ನು ಇಟ್ಟಿದ್ದೇನೆ, ಬಿಲ್ಡ್ ಸ್ಕ್ರಿಪ್ಟ್ ಅದನ್ನೇ ಕರೆಯುತ್ತದೆ. ಸಿಸ್ಟಮ್‌ನಲ್ಲಿರುವ ಹ್ಯೂಗೊ ಎಷ್ಟು ಬೇಕಾದರೂ ಮೇಲೇರಲಿ. ಹೊಸ ಆವೃತ್ತಿ ಬೇಕೆನಿಸಿದಾಗ ಹಳೆಯದರಿಂದ ಒಂದು, ಹೊಸದರಿಂದ ಒಂದು ಪಬ್ಲಿಕ್ ಫೋಲ್ಡರ್ ಕಟ್ಟಿ, ಡಿಫ್ ಹಾಕಿ ಹೋಲಿಸಿ, ಬದಲಾದ ಪುಟಗಳನ್ನು ನೋಡಿದ ಮೇಲೆಯೇ ಬೈನರಿ ಬದಲಿಸುವುದು. ಚಿತ್ರಗಳ ಸಂಸ್ಕರಣೆ ಇಲ್ಲದಿದ್ದರೆ ಆರುನೂರು ಬರಹದ ಬಿಲ್ಡ್‌ಗೆ ಎರಡು ಮೂರು ಸೆಕೆಂಡು; ಎರಡು ಸಲ ಕಟ್ಟಿ ಹೋಲಿಸುವುದು ಏನೇನೂ ಭಾರವಲ್ಲ.