ಊಟದ ಗಂಟೆ ಹೊಡೆದಾಗ ನಿಲ್ಲುತ್ತಿದ್ದ ಆಟ

"ಆಟ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ."

ಮೊಬೈಲ್ ಆಟಗಳನ್ನು ಪರೀಕ್ಷಿಸುವ ಕೆಲಸಕ್ಕಿಳಿದು ನಾನು ಬರೆದ ಮೊದಲ ದೋಷವರದಿಯಲ್ಲಿ ಇದ್ದದ್ದು ಈ ಮೂರೇ ಪದ. ಹತ್ತು ನಿಮಿಷದೊಳಗೆ ಅದು ನಾಲ್ಕು ಪ್ರಶ್ನೆ ಹೊತ್ತು ಮರಳಿ ಬಂತು. ಯಾವ ಫೋನ್? ಯಾವ ಬಿಲ್ಡ್? ಏನು ಮಾಡುತ್ತಿದ್ದಾಗ? ಎಷ್ಟು ಸಲ ಮಾಡಿದರೆ ಎಷ್ಟು ಸಲ ಹೀಗಾಗುತ್ತದೆ? ಒಂದಕ್ಕೂ ನನ್ನ ಬಳಿ ಉತ್ತರವಿರಲಿಲ್ಲ. ಬಿಲ್ಡ್ ಎಂದರೆ ಆಟದ ಯಾವ ಆವೃತ್ತಿಯನ್ನು ನಾನು ಆಡುತ್ತಿದ್ದೇನೆ ಎಂಬುದನ್ನು ಹೇಳುವ ಸಂಖ್ಯೆ ಎಂದು ತಿಳಿದದ್ದೇ ಆ ದಿನ. ಆಟ ನಿಂತದ್ದಂತೂ ನಿಜ, ಕಣ್ಣಾರೆ ಕಂಡಿದ್ದೆ. ಆದರೆ ಈ ಕೆಲಸದಲ್ಲಿ ನಾನು ಕಂಡದ್ದಕ್ಕೆ ಬೆಲೆಯಿಲ್ಲ. ಇನ್ನೊಬ್ಬರಿಗೆ ಕಾಣಿಸಿದರೆ ಮಾತ್ರ ಬೆಲೆ.

ಅದು 2024ರ ಫೆಬ್ರವರಿ. ಬೆಂಗಳೂರಿನ ಕಾಲೇಜೊಂದರಲ್ಲಿ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದೆ. ವಿಜಯನಗರದ ಪಿ.ಜಿ.ಯಲ್ಲಿ ವಾಸ, ಅರಸೀಕೆರೆಯಿಂದ ಅಪ್ಪ ಕಳುಹಿಸುತ್ತಿದ್ದ ಹಣ ತಿಂಗಳ ಇಪ್ಪತ್ತನೆಯ ತಾರೀಕಿಗೆ ತಳ ಕಾಣುತ್ತಿತ್ತು. ಮೇಲ್ಖರ್ಚಿಗೆ ದಾರಿ ಹುಡುಕುತ್ತಿದ್ದಾಗ ನನಗೆ ಮೊದಲು ಸಿಕ್ಕಿದ್ದು ಕೆಲಸವಲ್ಲ, ಮೋಸ. "ಗೇಮ್ ಟೆಸ್ಟರ್ ಬೇಕಾಗಿದ್ದಾರೆ, ದಿನಕ್ಕೆ ಎರಡು ಗಂಟೆ, ನೋಂದಣಿ ಶುಲ್ಕ 499 ರೂಪಾಯಿ" ಎಂಬ ಸಂದೇಶ ಗುಂಪೊಂದರಲ್ಲಿ ಬಂತು. ಕೊಟ್ಟೆ. ಮರುದಿನ ಆ ಗುಂಪೇ ಇರಲಿಲ್ಲ. ಲೆಕ್ಕಶಾಸ್ತ್ರ ಓದುವವರು ಕೆಲಸ ಸಿಗಲೆಂದು ತಾವೇ ಹಣ ಕಟ್ಟಿದ ಕಥೆಯನ್ನು ತರಗತಿಯಲ್ಲಿ ಹೇಳಿಕೊಳ್ಳಲಾಗದೆ ಸುಮ್ಮನಾದೆ. ಸೈಬರ್ ವಂಚನೆಗೆಂದೇ 1930 ಎಂಬ ಸಹಾಯವಾಣಿ ಇದೆ, ಕೂಡಲೇ ಕರೆ ಮಾಡಬೇಕಿತ್ತು. ನಾನು ಮಾಡಲಿಲ್ಲ, ನೀವು ಮಾಡಿ. ಪರೀಕ್ಷಕರಿಗೆ ಹಣ ಕೊಡುವವರು ಇದ್ದಾರೆ. ಪರೀಕ್ಷಕರಿಂದ ಹಣ ಕೇಳುವವರು ಕಳ್ಳರು.

ನಿಜವಾದ ಬಾಗಿಲು ತೆರೆದದ್ದು ಕಾಲೇಜಿನ ಹಿರಿಯ ವಿದ್ಯಾರ್ಥಿಯೊಬ್ಬರಿಂದ. ಅವರು ಒಬ್ಬರೇ ಕುಳಿತು ಒಂದು ಒಗಟಿನ ಆಟ ಕಟ್ಟಿದ್ದರು. ಗೂಗಲ್ ಪ್ಲೇನಲ್ಲಿ ಆಗಷ್ಟೇ ಒಂದು ನಿಯಮ ಬಂದಿತ್ತು: 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆಯಿಂದ ಆ್ಯಪ್ ಬಿಡುಗಡೆ ಮಾಡಬೇಕಾದರೆ, ಕನಿಷ್ಠ 20 ಜನ ಪರೀಕ್ಷಕರು ಸತತ 14 ದಿನ ಅದರ ಪರೀಕ್ಷೆಯಲ್ಲಿ ತೊಡಗಿರಬೇಕು. 2024ರ ಡಿಸೆಂಬರ್‌ನಲ್ಲಿ ಆ ಸಂಖ್ಯೆಯನ್ನು 12ಕ್ಕೆ ಇಳಿಸಿದರು. ಒಂಟಿಯಾಗಿ ಆಟ ಕಟ್ಟುವವರಿಗೆ ಇದು ತಲೆನೋವು, ನನ್ನಂಥವರಿಗೆ ಅವಕಾಶ. ಹೆಚ್ಚಿನವರು ಬೇಕಾದಷ್ಟು ಜನ ಸ್ನೇಹಿತರನ್ನು ಸೇರಿಸಿ ಲೆಕ್ಕ ಭರ್ತಿ ಮಾಡುತ್ತಾರೆ, ಆ ಸ್ನೇಹಿತರು ಆಟವನ್ನು ತೆರೆದೂ ನೋಡುವುದಿಲ್ಲ. ದಿನವೂ ಆಡಿ, ಬರೆದು ತಿಳಿಸುವ ಒಬ್ಬರು ಸಿಕ್ಕರೆ ನೂರಿನ್ನೂರು ರೂಪಾಯಿ ಕೊಡಲು ಅವರೂ ಸಿದ್ಧ. ನನ್ನ ಮೊದಲ ಹದಿನಾಲ್ಕು ದಿನಕ್ಕೆ ಸಿಕ್ಕಿದ್ದು 300 ರೂಪಾಯಿ. ಕಳೆದುಕೊಂಡ 499 ಇನ್ನೂ ತುಂಬಿರಲಿಲ್ಲ.

ಮೂರು ಪದದ ಆ ವರದಿ ಈ ಆಟದ್ದೇ. ಪ್ರಶ್ನೆಗಳು ಮರಳಿ ಬಂದ ಮೇಲೆ ಹಟ ಹಿಡಿದು ಕುಳಿತೆ. ಹಗಲೆಲ್ಲ ಆಡಿದರೂ ಆಟ ನಿಲ್ಲಲಿಲ್ಲ. ರಾತ್ರಿ ನಿಂತಿತು. ಮರುದಿನವೂ ಹಗಲಿಡೀ ಸರಿ, ರಾತ್ರಿ ಮತ್ತೆ ನಿಂತಿತು. ಫೋನ್ ಬಿಸಿಯಾಗಿರಬೇಕು ಎಂದುಕೊಂಡು ತಣ್ಣನೆಯ ನೆಲದ ಮೇಲಿಟ್ಟು ಆಡಿದೆ. ವೈಫೈ ನಿಧಾನವಿರಬೇಕು ಎಂದು ಮೊಬೈಲ್ ಡೇಟಾಕ್ಕೆ ಬದಲಿಸಿದೆ. ಬ್ಯಾಟರಿ ಕಡಿಮೆಯಿದ್ದಾಗಲೂ, ತುಂಬಿದ್ದಾಗಲೂ ಆಡಿದೆ. ಏನೂ ಹೊಳೆಯದೆ, ಕೊನೆಗೆ ಪರದೆಯ ಮೇಲಾಗುವುದನ್ನೆಲ್ಲ ರೆಕಾರ್ಡ್ ಮಾಡಲು ತೊಡಗಿದೆ. ಮೂರು ದಿನದ ವಿಡಿಯೊಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ಕಣ್ಣಿಗೆ ಬಿದ್ದದ್ದು ಆಟವಲ್ಲ, ಮೂಲೆಯಲ್ಲಿದ್ದ ಗಡಿಯಾರ. ಮೂರು ದಿನವೂ ಒಂಬತ್ತಕ್ಕೆ ಒಂದೆರಡು ನಿಮಿಷ ಆಚೀಚೆ.

ಒಂಬತ್ತಕ್ಕೆ ನಮ್ಮ ಪಿ.ಜಿ.ಯಲ್ಲಿ ಊಟದ ಗಂಟೆ ಹೊಡೆಯುತ್ತಾರೆ. ಗಂಟೆ ಹೊಡೆದಾಗ ನಾನು ಮಾಡುತ್ತಿದ್ದುದೇನು? ಇಯರ್‌ಫೋನ್ ಕಿತ್ತು ಏಳುತ್ತಿದ್ದೆ. ಆ ಮೂರೂ ಸಲ ಪರದೆಯ ಮೇಲೆ ಜಾಹೀರಾತು ಓಡುತ್ತಿತ್ತು. ಜಾಹೀರಾತಿನ ನಡುವೆ ತಂತಿಯ ಇಯರ್‌ಫೋನ್ ಕಿತ್ತರೆ ಆಟ ಹೆಪ್ಪುಗಟ್ಟುತ್ತಿತ್ತು. ಐದಕ್ಕೆ ಐದು ಸಲ. ಬ್ಲೂಟೂತ್ ಇಯರ್‌ಫೋನ್ ಆಫ್ ಮಾಡಿದರೆ ಐದಕ್ಕೆ ಒಮ್ಮೆಯೂ ಇಲ್ಲ. ಜಾಹೀರಾತು ಇಲ್ಲದಾಗ ಕಿತ್ತರೆ ಏನೂ ಆಗದು. ಇಷ್ಟು ಬರೆದು ಕಳುಹಿಸಿದೆ. ಆ ಹಿರಿಯರು ಅರ್ಧ ಗಂಟೆಯಲ್ಲಿ ಅದನ್ನು ಸರಿಪಡಿಸಿ, "ಇಂಥ ವರದಿ ಬಂದರೆ ಅರ್ಧ ಕೆಲಸ ಮುಗಿದಂತೆ" ಎಂದರು. ಆ ರಾತ್ರಿ ಊಟಕ್ಕೆ ಏನಿತ್ತು ಎಂಬುದೂ ನೆನಪಿಲ್ಲ.

ಅಂದಿನಿಂದ ನನ್ನ ವರದಿಯ ರೂಪ ಬದಲಾಗಿಲ್ಲ. ತಲೆಬರಹದಲ್ಲೇ ಎಲ್ಲಿ, ಏನು, ಯಾವಾಗ. ಕೆಳಗೆ ಫೋನಿನ ಮಾದರಿ, ಆ್ಯಂಡ್ರಾಯ್ಡ್ ಆವೃತ್ತಿ, ಬಿಲ್ಡ್ ಸಂಖ್ಯೆ. ಆಮೇಲೆ ಅಡುಗೆಯ ವಿಧಾನ ಬರೆದಂತೆ ಒಂದೊಂದೇ ಹೆಜ್ಜೆ. ಆಗಬೇಕಾದದ್ದೇನು, ಆದದ್ದೇನು. ಕೊನೆಗೆ ರಿಪ್ರೊ ರೇಟ್, ಅಂದರೆ ಇಷ್ಟು ಸಲಕ್ಕೆ ಇಷ್ಟು ಸಲ. "ಕೆಲವೊಮ್ಮೆ" ಎಂಬ ಪದವನ್ನು ಮರೆತುಬಿಡಬೇಕು. "ಆಟ ತುಂಬಾ ಕೆಟ್ಟದಾಗಿದೆ" ಎನ್ನುವುದು ವರದಿಯಲ್ಲ, ದೂರು.

ಒಂದೆರಡು ಆಟ ಮುಗಿಸುವಷ್ಟರಲ್ಲಿ ಕೈ ತಾನೇ ಕೆಟ್ಟ ಕೆಲಸಗಳನ್ನು ಹುಡುಕತೊಡಗಿತು. ಆಟದ ನಡುವೆ ಗೆಳತಿಯಿಂದ ಕರೆ ಮಾಡಿಸುವುದು. ಖರೀದಿಯ ಗುಂಡಿಯನ್ನು ಒಂದೇ ಕ್ಷಣದಲ್ಲಿ ಎರಡು ಸಲ ಒತ್ತಿ, ಎರಡು ಸಲ ಹಣ ಹೋಗುತ್ತದೆಯೇ ಎಂದು ನೋಡುವುದು. ಫೋನಿನ ದಿನಾಂಕವನ್ನು ನಾಳೆಗೆ ತಿರುಗಿಸಿ ಇಂದೇ ನಾಳೆಯ ಬಹುಮಾನ ಕೇಳುವುದು. ಈ ಕಳ್ಳದಾರಿ ತೆರೆದಿಟ್ಟ ಆಟಗಳು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚಿವೆ. ಮೆಟ್ರೊ ಸುರಂಗಕ್ಕೆ ಇಳಿಯುವಾಗ ಸಂಪರ್ಕ ತಪ್ಪುವ ಕ್ಷಣಕ್ಕಾಗಿ ಕಾದು ಕುಳಿತದ್ದೂ ಉಂಟು.

ನನಗೆ ನಿಜವಾಗಿ ಅನ್ನ ಹಾಕಿದ್ದು ಮಾತ್ರ ಇದಾವುದೂ ಅಲ್ಲ, ಕನ್ನಡ. ಕ್ರಿಕೆಟ್ ಆಟವೊಂದು ಭಾರತೀಯ ಭಾಷೆಗಳಿಗೆ ಬರುತ್ತಿತ್ತು. ಕನ್ನಡ ಓದಬಲ್ಲ ಪರೀಕ್ಷಕರು ಬೇಕಾಗಿದ್ದರು. ಮೊದಲ ಪರದೆಯಲ್ಲೇ "ನಿಮ್ಮ ಬಾವಲಿಯನ್ನು ಆರಿಸಿ" ಎಂದಿತ್ತು. ಇಂಗ್ಲಿಷಿನಲ್ಲಿ ಬ್ಯಾಟಿಗೂ ಬಾವಲಿಗೂ ಒಂದೇ ಪದ, ಅನುವಾದಿಸಿದವರಿಗೆ ಕೊಟ್ಟದ್ದು ಪದಗಳ ಪಟ್ಟಿ, ಆಟದ ಚಿತ್ರವಲ್ಲ. ಹಿಂದಿನ ಪರದೆಗೆ ಹೋಗುವ ಗುಂಡಿಯ ಮೇಲೆ "ಬೆನ್ನು" ಎಂದಿತ್ತು. ಸೊನ್ನೆಗೆ ಔಟಾದವನಿಗೆ "ಬಾತುಕೋಳಿ!" ಎಂಬ ಉದ್ಗಾರ. ನಕ್ಕು ನಕ್ಕು ಬರೆದ ವರದಿಗಳು ಅವು. ಇವು ಸುಲಭದವೂ ಹೌದು, ಪದ ಬದಲಿಸಿದರೆ ಮುಗಿಯಿತು.

ಕಷ್ಟದವು ಬೇರೆ. ಆಟಗಾರರ ಹೆಸರಿಗೆ ವಿಭಕ್ತಿ ಅಂಟಿಸುವುದನ್ನು ನೋಡಿ. ಇಂಗ್ಲಿಷಿನಲ್ಲಿ ಹೆಸರನ್ನು ಖಾಲಿ ಜಾಗದಲ್ಲಿಟ್ಟರೆ ವಾಕ್ಯ ತಯಾರು. ಕನ್ನಡದಲ್ಲಿ ಅದೇ ಉಪಾಯ ಮಾಡಿ, ಎಲ್ಲ ಹೆಸರಿನ ಮುಂದೆಯೂ "ಅನ್ನು" ಎಂದು ಅಂಟಿಸಿದ್ದರು. "ರವಿಅನ್ನು ಸೋಲಿಸಿದಿರಿ", "ಗೀತಾಅನ್ನು ಸೋಲಿಸಿದಿರಿ". ರವಿಯನ್ನು, ಗೀತಾಳನ್ನು, ಸುರೇಶನನ್ನು ಎಂದು ಒಂದೊಂದು ಹೆಸರಿಗೆ ಒಂದೊಂದು ರೂಪ ಯಂತ್ರಕ್ಕೆ ಹೇಗೆ ತಿಳಿಯಬೇಕು? ವಾಕ್ಯವನ್ನೇ ತಿರುಗಿಸಿ, "ನಿಮಗೆ ಗೆಲುವು! ಎದುರಾಳಿ: ಗೀತಾ" ಎಂದು ಬರೆಯಿರಿ ಎಂದು ಸೂಚಿಸಿದೆ. ಒಪ್ಪಿದರು. ಪ್ರೌಢಶಾಲೆಯಲ್ಲಿ ಬಾಯಿಪಾಠ ಮಾಡಿದ ವಿಭಕ್ತಿ ಪ್ರತ್ಯಯಗಳಿಗೆ ದುಡ್ಡು ಬಂದದ್ದು ಅಂದೇ.

ಎಲ್ಲಕ್ಕಿಂತ ಕಾಡಿದ್ದು ಒತ್ತಕ್ಷರ. "ಪ್ರಾರಂಭಿಸಿ" ಎಂಬುದು ಪರದೆಯ ಮೇಲೆ "ಪ್‌ರಾರಂಭಿಸಿ" ಎಂದು ಒಡೆದು ಬರುತ್ತಿತ್ತು. ಅನುವಾದದ ಕಡತ ತೆರೆದು ನೋಡಿದರೆ ಸರಿಯಾಗಿಯೇ ಇದೆ, ಅದೇ ಫೋನಿನ ಸಂದೇಶಗಳಲ್ಲೂ ಸರಿಯಾಗಿದೆ, ಆಟದಲ್ಲಿ ಮಾತ್ರ ಮುರಿದಿದೆ. ಕಾರಣ ಇಷ್ಟು: ಕಂಪ್ಯೂಟರ್ ಅಕ್ಷರಗಳನ್ನು ದಾಖಲಿಸುವ ಯೂನಿಕೋಡ್ ಪದ್ಧತಿಯಲ್ಲಿ ಪ, ಹಲಂತದ ಚಿಹ್ನೆ, ರ ಎಂದು ಅಕ್ಷರಗಳು ಸಾಲಾಗಿ ನಿಂತಿರುತ್ತವೆ. ಅವನ್ನು ಕೂಡಿಸಿ, ರಕಾರವನ್ನು ಒತ್ತಾಗಿ ಕೆಳಗಿಡುವುದು ಬೇರೆಯದೇ ತಂತ್ರಾಂಶದ ಕೆಲಸ. ಅರ್ಕಾವತ್ತಂತೂ ಮೊದಲು ಉಚ್ಚರಿಸಿ ಕೊನೆಗೆ ಬರೆಯುವಂಥದ್ದು, ಅದನ್ನು ಹೊತ್ತು ಅಕ್ಷರದ ಆಚೆಗೆ ದಾಟಿಸಬೇಕು. ಫೋನಿನಲ್ಲಿ ಆ ತಂತ್ರಾಂಶ ಇದೆ. ಆದರೆ ಹಲವು ಆಟಗಳು ತಮ್ಮ ಅಕ್ಷರಗಳನ್ನು ತಾವೇ ಬಿಡಿಸಿಕೊಳ್ಳುತ್ತವೆ, ಹಾಗೆ ಬಿಡಿಸುವಾಗ ಈ ಜೋಡಣೆಯನ್ನು ಬಿಟ್ಟುಬಿಡುತ್ತವೆ. ಇಂಗ್ಲಿಷಿಗೆ ಅದರ ಅಗತ್ಯವೇ ಇಲ್ಲವಾದ್ದರಿಂದ ಬೇರೆ ಊರಿನಲ್ಲಿ ಕುಳಿತ ತಂಡಕ್ಕೆ ಅದು ಕಾಣುವುದೂ ಇಲ್ಲ. ಮೊದಲ ಉತ್ತರ "ನಮಗೆ ಎಲ್ಲವೂ ಸರಿಯಾಗಿ ಕಾಣುತ್ತಿದೆ" ಎಂದಿತ್ತು. ಕನ್ನಡ ಬಾರದವರಿಗೆ ಮುರಿದ ಕನ್ನಡವೂ ಚೆಂದವೇ. ಆಮೇಲೆ ನಾನು ಸರಿಯಾದ ರೂಪವನ್ನೂ ಮುರಿದ ರೂಪವನ್ನೂ ಅಕ್ಕಪಕ್ಕ ಇಟ್ಟು, ಕೆಂಪು ವೃತ್ತ ಹಾಕಿ, ಹದಿನೇಳು ಪರದೆಗಳ ಚಿತ್ರ ಕಳುಹಿಸಿದೆ.

ಆ ವರ್ಷದ ಬೇಸಿಗೆ ರಜೆಯಲ್ಲಿ ಆಟಗಳನ್ನು ಪರೀಕ್ಷಿಸುವ ಸಂಸ್ಥೆಯೊಂದರಲ್ಲಿ ಎರಡು ತಿಂಗಳು ಕೆಲಸ ಸಿಕ್ಕಿತು. "ಆಟ ಆಡುವುದಕ್ಕೆ ಸಂಬಳವೇ?" ಎಂದು ಅಮ್ಮ ಎರಡು ಸಲ ಕೇಳಿದಳು. 1997ರಲ್ಲೇ ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಆಟದ ಕಂಪನಿ ಕಟ್ಟಿದ್ದರು, 2019ರಲ್ಲಿ ಅದನ್ನು ಆಟ ತಯಾರಿಸುವ ಅಮೆರಿಕದ ರಾಕ್‌ಸ್ಟಾರ್ ಕೊಂಡುಕೊಂಡಿತು, ನಾನು ಹುಟ್ಟುವ ಮೊದಲೇ ಇಲ್ಲಿ ಇದು ಉದ್ಯೋಗವಾಗಿತ್ತು ಎಂದು ವಿವರಿಸಿದೆ. ಅವಳಿಗೆ ಸಮಾಧಾನವಾದದ್ದು ಕೆಲಸ ಹಗಲು ಪಾಳಿ ಎಂದು ತಿಳಿದಾಗ.

ಅಲ್ಲಿ ಕಲಿತದ್ದು ಬೇಸರವನ್ನು ಸಹಿಸುವುದನ್ನು. ಎರಡು ವಾರ ನನ್ನ ಕೆಲಸ ಗೋಡೆಗೆ ಢಿಕ್ಕಿ ಹೊಡೆಯುವುದು. ಒಂದು ನಗರದ ನಕ್ಷೆಯನ್ನು ಚೌಕಗಳಾಗಿ ಹಂಚಿ, ನನ್ನ ಚೌಕದ ಪ್ರತಿಯೊಂದು ಗೋಡೆ, ಬೇಲಿ, ಕಲ್ಲು, ಮರಕ್ಕೆ ಪಾತ್ರವನ್ನು ನೇರವಾಗಿ ಒಮ್ಮೆ, ಓರೆಯಾಗಿ ಒಮ್ಮೆ, ಹಾರಿ ಒಮ್ಮೆ ತಳ್ಳಬೇಕು. ಎಲ್ಲಾದರೂ ಒಳಗೆ ತೂರಿಹೋಯಿತೆಂದರೆ ದೋಷ. ಮೂರನೆಯ ದಿನ ಪಾತ್ರವೊಂದು ಮೆಟ್ಟಿಲ ಕೆಳಗೆ ತೂರಿ ನಕ್ಷೆಯಿಂದಾಚೆ ಬೀಳುತ್ತಲೇ ಹೋಯಿತು, ನಾನು ಕುರ್ಚಿಯಲ್ಲಿ ಕುಣಿದೆ. ಉಳಿದ ದಿನಗಳು ರಿಗ್ರೆಶನ್: ಹೊಸ ಬಿಲ್ಡ್ ಬಂದಾಗಲೆಲ್ಲ ಹಳೆಯ ದೋಷಗಳು ನಿಜಕ್ಕೂ ಹೋಗಿವೆಯೇ ಎಂದು ಮತ್ತೆ ಅವೇ ಹೆಜ್ಜೆಗಳು. ಆಟ ಎಂದರೆ ಪ್ರಾಣ ಎನ್ನುತ್ತಾ ಸೇರಿದ ಇಬ್ಬರು ಹುಡುಗರು ಹತ್ತನೆಯ ದಿನಕ್ಕೆ ಬಿಟ್ಟುಹೋದರು. ಉಳಿದವರಲ್ಲಿ ಚುರುಕಾಗಿದ್ದವರು ಮನೆಯಲ್ಲಿ ಅಕ್ಕಿ ಆರಿಸಿ ಅಭ್ಯಾಸವಿದ್ದವರು ಎಂದು ನನ್ನ ಗುಮಾನಿ.

ಇನ್ನೊಂದು ಮಾತು ಅರಗಿಸಿಕೊಳ್ಳಲು ಸಮಯ ಹಿಡಿಯಿತು. ದೋಷ ಹುಡುಕುವುದು ನಮ್ಮ ಕೆಲಸ, ಸರಿಪಡಿಸಬೇಕೇ ಬೇಡವೇ ಎನ್ನುವುದು ಬೇರೆಯವರ ತೀರ್ಮಾನ. 2020ರ ಡಿಸೆಂಬರ್ 10ರಂದು ಸೈಬರ್‌ಪಂಕ್ 2077 ಎಂಬ ಆಟ ಬಿಡುಗಡೆಯಾದಾಗ ಅದರಲ್ಲಿ ಎಷ್ಟು ದೋಷಗಳಿದ್ದವೆಂದರೆ, ವಾರ ಕಳೆಯುತ್ತಿದ್ದಂತೆ ಸೋನಿ ತನ್ನ ಪ್ಲೇಸ್ಟೇಷನ್ ಅಂಗಡಿಯಿಂದಲೇ ಅದನ್ನು ತೆಗೆಯಿತು. ಮತ್ತೆ ಇಟ್ಟದ್ದು 2021ರ ಜೂನ್‌ನಲ್ಲಿ. ಆಟಗಾರರು ಕಂಡ ಸಮಸ್ಯೆಗಳಲ್ಲಿ ಬಹಳಷ್ಟು ತಮ್ಮ ಪರೀಕ್ಷೆಯಲ್ಲಿ ಕಾಣಿಸಿರಲಿಲ್ಲ ಎಂದು ಅದರ ಸಂಸ್ಥೆಯ ಸಹಸ್ಥಾಪಕರು ಹೇಳಿದ ವಿಡಿಯೊವನ್ನು ಊಟದ ಬಿಡುವಿನಲ್ಲಿ ಹಾಕಿದಾಗ, ನಮ್ಮ ಮೇಜಿನಲ್ಲಿ ಯಾರೂ ಮಾತಾಡಲಿಲ್ಲ. ಒಬ್ಬರು ಮಾತ್ರ ಡಬ್ಬಿ ಮುಚ್ಚುತ್ತಾ, "ಪಾಪ, ಆ ಪರೀಕ್ಷಕರು" ಎಂದರು.

ಹಣದ ವಿಷಯ ಬೇಗ ಹೇಳಿಬಿಡುತ್ತೇನೆ. ಸಂಸ್ಥೆಯವರು ತಿಂಗಳಿಗೆ 18,000ದಂತೆ ಕೊಟ್ಟರು, ವೃತ್ತಿಪರ ಶುಲ್ಕವೆಂದು ಶೇಕಡ 10ರಷ್ಟು, ಅಂದರೆ ಎರಡು ತಿಂಗಳಿಗೆ ಸೇರಿ 3,600 ರೂಪಾಯಿಯನ್ನು ತೆರಿಗೆಗೆಂದು ಹಿಡಿದುಕೊಂಡರು. ಜೊತೆಯವರು ಅದನ್ನು ಮರೆತರು. ಬಿ.ಕಾಂ. ಓದುವ ನಾನು ಮರೆಯುವುದುಂಟೇ? ಹಿಡಿದ ತೆರಿಗೆಯ ವಿವರವಿರುವ ಫಾರ್ಮ್ 26ಎಎಸ್‌ನಲ್ಲಿ ನೋಡಿಕೊಂಡು ರಿಟರ್ನ್ ಸಲ್ಲಿಸಿ ಅಷ್ಟನ್ನೂ ವಾಪಸು ಪಡೆದೆ. ರಜೆ ಮುಗಿದ ಮೇಲೆ ಮನೆಯಿಂದ ಮಾಡುವ ಬಿಡಿ ಕೆಲಸಕ್ಕೆ ಮರಳಿದೆ. ಯೂಟೆಸ್ಟ್‌ನಂಥ ಪರೀಕ್ಷಾ ಜಾಲತಾಣಗಳಲ್ಲಿ ಒಪ್ಪಿಗೆಯಾದ ದೋಷಕ್ಕೆ ತಕ್ಕಂತೆ ಹಣ. ಅದೇ ದೋಷವನ್ನು ಇನ್ನೊಬ್ಬರು ಮೊದಲೇ ಬರೆದಿದ್ದರೆ ನಮ್ಮದು ಡೂಪ್ಲಿಕೇಟ್, ಲೆಕ್ಕಕ್ಕಿಲ್ಲ. ಆದ್ದರಿಂದ ವಾರಕ್ಕೆ ಎಂಟು ಗಂಟೆ ಎಂದು ನನಗೆ ನಾನೇ ಗೆರೆ ಎಳೆದುಕೊಂಡೆ. ಗೆರೆ ದಾಟಿದ ಸೆಮಿಸ್ಟರ್‌ನಲ್ಲಿ ಕಾಸ್ಟ್ ಅಕೌಂಟಿಂಗ್‌ನಲ್ಲಿ 41 ಅಂಕ ಬಂತು.

ಯಾವ ಆಟ, ಯಾವ ಸಂಸ್ಥೆ ಎಂದು ಇಲ್ಲಿ ಹೇಳದಿರುವುದಕ್ಕೆ ಗೋಪ್ಯತೆಯ ಒಪ್ಪಂದ ಕಾರಣ. ಸೇರಿದ ದಿನವೇ ಸಹಿ ಹಾಕಿಸಿಕೊಳ್ಳುತ್ತಾರೆ, ಗೆಳೆಯರಿಗೆ ಪರದೆಯ ಚಿತ್ರ ತೋರಿಸಿದರೂ ತಪ್ಪು. ಸಂದರ್ಶನಗಳಲ್ಲಿ ಆಟದ ಹೆಸರಿನ ಬದಲು ಊಟದ ಗಂಟೆಯ ಕಥೆ ಹೇಳುತ್ತೇನೆ. ಆ ಆಟದ ಮಾಲೀಕರು ಅನುಮತಿ ಕೊಟ್ಟಿದ್ದಾರೆ.

ಒತ್ತಕ್ಷರದ ವರದಿ ಏನಾಯಿತೆಂದರೆ, "ತಿಳಿದಿರುವ ಸಮಸ್ಯೆ, ಸದ್ಯಕ್ಕೆ ಸರಿಪಡಿಸುವುದಿಲ್ಲ" ಎಂದು ಮುಚ್ಚಿದರು. ಆ ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಪ್ಪನ ಮಗ, ಮೂರನೆಯ ತರಗತಿಯವನು, ಜಗಲಿಯಲ್ಲಿ ಕುಳಿತು ಅದೇ ಆಟ ಆಡುತ್ತಿದ್ದ. ಪರದೆಯ ಮೇಲಿದ್ದುದನ್ನು ಇದ್ದ ಹಾಗೆಯೇ, "ಪ್... ರಾರಂಭಿಸಿ" ಎಂದು ಜೋರಾಗಿ ಓದಿ, ತಾನೇ ನಕ್ಕು, ಗುಂಡಿ ಒತ್ತಿದ. ನಾನು ಅವನ ಕೈಯಿಂದ ಫೋನ್ ತೆಗೆದುಕೊಂಡು, ಮೊದಲು ಅದರ ಮಾದರಿ ಯಾವುದೆಂದು ನೋಡಿದೆ.