ಚಕ್ ಹಿಡಿತ ಸಡಿಲವಾದರೆ ಮೊದಲು ರಿಲೀಫ್ ವಾಲ್ವ್‌ಗೆ ಕೈ ಹಾಕಬೇಡಿ

ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರದ ಶೆಡ್‌ಗಳಲ್ಲಿ ಸಿಎನ್‌ಸಿ ಲೇತ್‌ನ ಚಕ್‌ಗೆ (ಕಡೆಯುವ ಲೋಹದ ತುಂಡನ್ನು ಹಿಡಿಯುವ ಭಾಗಕ್ಕೆ) ಬಲ ಕೊಡುವ ಹೈಡ್ರಾಲಿಕ್, ಅಂದರೆ ಎಣ್ಣೆಯ, ಪ್ರೆಶರ್ ಇಳಿದರೆ ಆಪರೇಟರ್ ಮೊದಲು ಮಾಡುವ ಕೆಲಸವೆಂದರೆ ರಿಲೀಫ್ ವಾಲ್ವ್‌ನ (ಮಿತಿ ಮೀರಿದ ಒತ್ತಡವನ್ನು ಟ್ಯಾಂಕಿಗೆ ಬಿಟ್ಟುಕೊಡುವ ವಾಲ್ವ್) ಸ್ಕ್ರೂ ಬಿಗಿ ಮಾಡುವುದು. ಅದು ಕೊನೆಯಲ್ಲಿ ಮುಟ್ಟಬೇಕಾದ ಭಾಗ. ಗೇಜ್‌ನ ಮುಳ್ಳು ಸ್ವಲ್ಪ ಮೇಲೇರಿದರೂ ದೋಷ ಇದ್ದಲ್ಲೇ ಇರುತ್ತದೆ, ಎಣ್ಣೆ ಮಾತ್ರ ಇನ್ನಷ್ಟು ಬಿಸಿಯಾಗುತ್ತದೆ.

ಮೊದಲು ಜಾಬ್ (ಚಕ್ ಹಿಡಿದಿರುವ ಲೋಹದ ತುಂಡು) ತೆಗೆದು, ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ. ಅಕ್ಯುಮುಲೇಟರ್ (ಒತ್ತಡದಲ್ಲಿರುವ ಎಣ್ಣೆಯನ್ನು ಕೂಡಿಡುವ ಪಾತ್ರೆ) ಇದ್ದರೆ ಅದರ ಒತ್ತಡವನ್ನೂ ಬಿಡಿ. ಗೇಜ್ ಸೊನ್ನೆಗೆ ಬರುವವರೆಗೆ ಯಾವ ಫಿಟ್ಟಿಂಗನ್ನೂ ಸಡಿಲಿಸಬಾರದು. ಸೋರಿಕೆಯನ್ನು ಬೆರಳಿನಿಂದ ಹುಡುಕಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಒತ್ತಡದಲ್ಲಿ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಗೆ ಹೋದರೆ ತಕ್ಷಣ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಟ್ಯಾಂಕ್‌ನ ಎಣ್ಣೆಯ ಮಟ್ಟ ನೋಡಿ. ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ಸ್ವಲ್ಪವನ್ನು ಗಾಜಿನ ಬಾಟಲಿಗೆ ಹಾಕಿಡಿ. ಸ್ವಲ್ಪ ಹೊತ್ತಿನಲ್ಲೇ ತಿಳಿಯಾದರೆ ಸೇರಿರುವುದು ಗಾಳಿ. ಬೆಳ್ಳಗೆಯೇ ಉಳಿದರೆ ಕೂಲಂಟ್ ಅಥವಾ ನೀರು ಸೇರಿದೆ, ಎಣ್ಣೆಯನ್ನು ಪೂರ್ತಿ ಬದಲಿಸಲೇಬೇಕು.

ಹೆಚ್ಚಿನವರು ಎಡವುವುದು ಟ್ಯಾಂಕಿನಿಂದ ಪಂಪಿಗೆ ಎಣ್ಣೆ ಎಳೆಯುವ ಸಕ್ಷನ್ ಲೈನ್‌ನಲ್ಲಿ. ಬೀಗ ತೆಗೆದು ಯಂತ್ರ ಚಾಲೂ ಮಾಡಿದಾಗ ಪಂಪ್ ಒಂದೇ ಸಮನೆ ಕೀರಲು ದನಿಯಲ್ಲಿ ಕೂಗುತ್ತಿದ್ದರೆ ಅದಕ್ಕೆ ಸಾಕಷ್ಟು ಎಣ್ಣೆ ಸಿಗುತ್ತಿಲ್ಲ. ಜಲ್ಲಿ ಅಲುಗಾಡಿಸಿದಂಥ ಸದ್ದಾದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಗಾಳಿಯ ಜಾಗ ಹುಡುಕಲು ಯಂತ್ರ ಚಾಲನೆಯಲ್ಲಿರುವಾಗ ಸಕ್ಷನ್ ಪೈಪಿನ ಒಂದೊಂದು ಜಾಯಿಂಟಿಗೂ ಗ್ರೀಸ್ ಬಳಿಯುತ್ತ ಹೋಗಿ, ಯಾವ ಜಾಯಿಂಟಿನಲ್ಲಿ ಸದ್ದು ಇಳಿಯುತ್ತದೆಯೋ ದೋಷ ಅಲ್ಲಿದೆ. ಪಂಪಿನ ಕಪ್ಲಿಂಗ್‌ನಿಂದ ಕೈ ದೂರವಿರಲಿ. ಪಂಪಿಗೆ ಎಣ್ಣೆ ಸಾಲದಿದ್ದರೆ ಮತ್ತೆ ಆಫ್ ಮಾಡಿ ಬೀಗ ಹಾಕಿ, ಸಕ್ಷನ್ ಪೈಪಿನ ಸೋಸುವ ಜಾಲರಿಯಾದ ಸ್ಟ್ರೈನರ್ ಬಿಚ್ಚಿ. ಅದರ ಜಾಲರಿಗೆ ಸುತ್ತಿಕೊಂಡಿರುವುದು ಬಹುತೇಕ ಟ್ಯಾಂಕ್ ಒರೆಸಲು ಬಳಸಿದ ಬನಿಯನ್ ವೇಸ್ಟ್‌ನ ಎಳೆಗಳು. ಸೀಮೆಎಣ್ಣೆಯಲ್ಲಿ ತೊಳೆದು ಒಳಗಿನಿಂದ ಹೊರಕ್ಕೆ ಗಾಳಿ ಊದಿ; ಸ್ಟ್ರೈನರ್ ಇಲ್ಲದೆಯೇ ಓಡಿಸುವ ಸುಲಭದಾರಿ ಪಂಪನ್ನೇ ಬಲಿ ಪಡೆಯುತ್ತದೆ. ಜಾಯಿಂಟಿಗೆ ಟೆಫ್ಲಾನ್ ಟೇಪ್ ಸುತ್ತುವುದನ್ನೂ ನಾನು ಒಪ್ಪುವುದಿಲ್ಲ, ಅದರ ಚೂರುಗಳು ವಾಲ್ವ್‌ನ ಒಳಗೆ ಜಾರುವ ದಂಡಕ್ಕೆ (ಸ್ಪೂಲ್) ಸಿಕ್ಕಿಕೊಳ್ಳುತ್ತವೆ.

ಇತ್ತೀಚೆಗೆ ಕರೆಂಟ್ ಲೈನ್ ಕೆಲಸ ನಡೆದಿದ್ದರೆ, ಮೋಟರ್ ಪಂಪಿನ ಮೇಲಿನ ಬಾಣದ ದಿಕ್ಕಿಗೇ ತಿರುಗುತ್ತಿದೆಯೇ ನೋಡಿ.

ಇಷ್ಟಾದ ಮೇಲೂ ಪ್ರೆಶರ್ ಬಾರದಿದ್ದರೆ ಮೋಟರ್ ನಿಲ್ಲಿಸಿ, ಪವರ್‌ಪ್ಯಾಕ್‌ನಿಂದ (ಟ್ಯಾಂಕ್, ಮೋಟರ್, ಪಂಪ್ ಇರುವ ಘಟಕ) ಯಂತ್ರಕ್ಕೆ ಹೋಗುವ ಹೋಸ್ ಬಿಚ್ಚಿ, ಆ ಒತ್ತಡ ತಡೆಯುವ ಪ್ಲಗ್ ಹಾಕಿ. ರಿಲೀಫ್ ವಾಲ್ವ್ ಪಂಪಿಗೂ ಪ್ಲಗ್‌ಗೂ ನಡುವೆ ಇರುವುದು ಕಡ್ಡಾಯ. ಈಗ ಚಾಲೂ ಮಾಡಿದಾಗ ಗೇಜ್ ಏರಿದರೆ ದೋಷ ಮುಂದಿನ ವಾಲ್ವ್ ಅಥವಾ ಸಿಲಿಂಡರ್‌ನ ಸೀಲಿನಲ್ಲಿದೆ. ಏರದಿದ್ದರೆ ರಿಲೀಫ್ ವಾಲ್ವ್ ಬಿಚ್ಚಿ ಕೋನ್ ಮತ್ತು ಸೀಟ್ ಒರೆಸಿ ನೋಡಿ, ಅದೂ ಸರಿಯಿದ್ದರೆ ಪಂಪ್ ಸವೆದಿದೆ.

ಪ್ರೆಶರ್ ಇದ್ದೂ ಚಕ್ ಕದಲದಿದ್ದರೆ, ಕರೆಂಟಿನಿಂದ ವಾಲ್ವ್ ಕದಲಿಸುವ ಸೊಲೆನಾಯ್ಡ್‌ನ ತುದಿಯ ಪಿನ್ನನ್ನು ಕೈಯಿಂದ ಒತ್ತಿ. ಚಕ್ ಕದಲಿದರೆ ಕಾಯಿಲ್ ಅಥವಾ ವೈರಿಂಗ್ ನೋಡಿ, ಇಲ್ಲವಾದರೆ ಸ್ಪೂಲ್ ತೊಳೆಯಿರಿ.

ಮರಳಿ ತುಂಬುವಾಗ ಮ್ಯಾನ್ಯುಯಲ್ ಹೇಳಿದ ದರ್ಜೆಯ ಎಣ್ಣೆಯೇ ಇರಲಿ: ವಿಜಿ 32 (ಎಣ್ಣೆ ಎಷ್ಟು ಮಂದ ಎಂದು ಹೇಳುವ ದರ್ಜೆ) ಬೇಕಾದಲ್ಲಿ ಅದಕ್ಕಿಂತ ಮಂದವಾದ 68 ಹಾಕಿದರೆ ಡಿಸೆಂಬರ್‌ನ ಮುಂಜಾನೆ ಪಂಪ್ ಮತ್ತೆ ಕೂಗುತ್ತದೆ. ಬಿಡಿಯಾಗಿ ಮಾರುವ ಶುದ್ಧೀಕರಿಸಿದ ಹಳೆ ಎಣ್ಣೆಯನ್ನಂತೂ ಶೆಡ್ಡಿನೊಳಗೆ ತರಲೇಬೇಡಿ.